ಈಗಾಗಲೇ ಶುರುವಾಗಿದ್ದರೆ?

ಚಿ. ಸುಮಾಳಿಗೆ ಆಶೀರ್ವಾದಗಳು.

ನಿನ್ನ ಪತ್ರದಲ್ಲಿ ನುಂಗುತ್ತಿರುವ ಮಾತ್ರೆಗಳ ಪಟ್ಟಿ ಇತ್ತು, ಬಿಟ್ಟ ತಿಂಡಿಗಳ ಪಟ್ಟಿ ಇತ್ತು, ಸಭೆಯ ನಡುವೆ ಸಹೋದ್ಯೋಗಿಯ ಹೆಸರು ಹೊಳೆಯದೆ ಪೇಚಾಡಿದ ಪ್ರಸಂಗವಿತ್ತು. ಅಷ್ಟೇ ಆಗಿದ್ದರೆ ಓದಿ ಮಡಿಸಿಡುತ್ತಿದ್ದೆ. ಆದರೆ ನಡುವೆ ಎಲ್ಲೋ, ಮಾತಿಗೆ ಮಾತು ಸೇರಿಸಿದಂತೆ, “ನನ್ನ ತಲೆಯಲ್ಲಿ ಅದು ಈಗಾಗಲೇ ಶುರುವಾಗಿರಬಹುದು ಚಿಕ್ಕಮ್ಮ” ಎಂದು ಬರೆದು, ಮರುಸಾಲಿನಲ್ಲೇ ಮಗನ ಪರೀಕ್ಷೆಯ ಸುದ್ದಿಗೆ ಹಾರಿದ್ದೀಯ. ನನಗೆ ಹಾಗೆ ಹಾರಲಾಗಲಿಲ್ಲ.

“ಛೆ, ಹಾಗೇನಿಲ್ಲ ಬಿಡು” ಎಂದು ಬರೆಯಹೊರಟೆ; ಮನಸ್ಸು ಒಪ್ಪಲಿಲ್ಲ. ಅಮ್ಮನಿಗೆ, ಅಂದರೆ ನಿನ್ನ ಅಜ್ಜಿಗೆ, ಬಂದಿದ್ದ ಆಲ್ಝೈಮರ್ ಎಂಬ ಮರೆವಿನ ರೋಗದ ಬಗ್ಗೆ ನೀನು ಓದಿದ್ದು ಸುಳ್ಳಲ್ಲ. ಮರೆವು ಹೊರಗೆ ಕಾಣಿಸುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಕೂಡಿಕೊಳ್ಳತೊಡಗುತ್ತದೆ. ಟೌ ಎಂಬ ಇನ್ನೊಂದು ನರಕೋಶಗಳ ಒಳಗೇ ಸಿಕ್ಕುಗಟ್ಟುತ್ತದೆ. 1906ರಲ್ಲಿ ಅಲೋಯಿಸ್ ಆಲ್ಝೈಮರ್ ತಮ್ಮ ರೋಗಿ ತೀರಿಕೊಂಡ ಮೇಲೆ ಅವಳ ಮಿದುಳಿನಲ್ಲಿ ಕಂಡದ್ದು ಇವನ್ನೇ. ಆದರೆ ಇದೇ ಅಮಿಲಾಯ್ಡ್ ತುಂಬಿಕೊಂಡು, ಕೊನೆಯವರೆಗೂ ನೆನಪು ಗಟ್ಟಿಯಾಗಿದ್ದು ತೀರಿಕೊಂಡ ಮುದುಕರು ಎಷ್ಟೋ ಜನ. ಆ ಮಾತು ನಿನ್ನ ಕಣ್ಣಿಗೆ ಬೀಳಲಿಲ್ಲ. ಭಯಕ್ಕೆ ಬೇಕಾದ್ದು ಮಾತ್ರ ಕಣ್ಣಿಗೆ ಬೀಳುತ್ತದೆ, ನನಗೂ ಹಾಗೆಯೇ ಆಗುತ್ತದೆ.

ಇನ್ನೊಂದು ಕೇಳುತ್ತೇನೆ. ಈ ವರ್ಷಗಳ ಲೆಕ್ಕವನ್ನು ನಲವತ್ತರ ಆಸುಪಾಸಿನ ನೀನು ನಿನಗೆ ಹಾಕಿಕೊಂಡೆಯಲ್ಲ, ಅರವತ್ತು ದಾಟಿದ ನನಗೆ ಯಾಕೆ ಹಾಕಲಿಲ್ಲ? ನೀನು ಮೊಮ್ಮಗಳು, ನಾನು ಮಗಳು. ಸರದಿಯೇ ಇದ್ದರೆ ಮುಂದೆ ನಿಂತವಳು ನಾನು. ಒಗ್ಗರಣೆಗೆ ಇಟ್ಟ ಎಣ್ಣೆ ಹೊಗೆಯಾಡುವವರೆಗೂ ಮರೆತು ನಿಂತ ಬೆಳಗ್ಗೆಯೆಲ್ಲ ನನಗೆ ನಾನೇ ಸಣ್ಣ ಪರೀಕ್ಷೆಗಳನ್ನು ಕೊಟ್ಟುಕೊಳ್ಳುತ್ತೇನೆ: ಇಂದು ಯಾವ ವಾರ, ನಿನ್ನೆ ಯಾರು ಫೋನ್ ಮಾಡಿದ್ದರು. ನಿನ್ನ ಅಮ್ಮನಿಗೂ ಇದನ್ನು ಹೇಳಿಲ್ಲ.

ಅಮ್ಮನಿಗೆ ಅದು ಬಂದದ್ದು ಇಳಿವಯಸ್ಸಿನಲ್ಲಿ ಎಂಬುದನ್ನು ನೀನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ತಂದೆತಾಯಿಯರಿಂದ ಬಂದರೆ ಬಹುಮಟ್ಟಿಗೆ ತಪ್ಪಿಸಿಕೊಳ್ಳಲಾಗದ ಜೀನ್ ದೋಷಗಳು ಇರುವುದು ನಿಜ. ಆದರೆ ಅವು ಇರುವ ಮನೆತನಗಳಲ್ಲಿ ರೋಗ ಸಾಮಾನ್ಯವಾಗಿ ನಲವತ್ತು ಐವತ್ತರಲ್ಲೇ ಕಾಣಿಸಿಕೊಳ್ಳುತ್ತದೆ, ಒಟ್ಟು ರೋಗಿಗಳಲ್ಲಿ ಅಂಥವರು ನೂರಕ್ಕೆ ಒಬ್ಬರೂ ಇಲ್ಲ. ನಮ್ಮಂಥವರ ವಿಷಯದಲ್ಲಿ ವೈದ್ಯರು ಹೇಳುವುದು ಎಪಿಒಇ-4 ಎಂಬ ಜೀನ್ ರೂಪವನ್ನು. ಅದು ಅಪಾಯವನ್ನು ಹೆಚ್ಚಿಸುತ್ತದೆ, ತೀರ್ಪು ಕೊಡುವುದಿಲ್ಲ. ಅದಿದ್ದೂ ರೋಗ ಬಾರದವರಿದ್ದಾರೆ, ಇಲ್ಲದೆಯೂ ಬಂದವರಿದ್ದಾರೆ.

ಮಾತ್ರೆಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ದೀಯ. ನಾನು ವೈದ್ಯೆಯಲ್ಲ, ಹೇಳಲು ಸಂಕೋಚ. ಆದರೂ ಗಿಂಕ್ಗೊ ಎಂಬ ಮರದ ಎಲೆಯ ಸಾರದ ಬಗ್ಗೆ ಹೇಳಬಲ್ಲೆ. ಅಮೆರಿಕದಲ್ಲಿ 75 ದಾಟಿದ ಮೂರು ಸಾವಿರಕ್ಕೂ ಹೆಚ್ಚು ಜನರಲ್ಲಿ ಕೆಲವರಿಗೆ ದಿನಕ್ಕೆ ಎರಡು ಸಲ 120 ಮಿಲಿಗ್ರಾಂ ಗಿಂಕ್ಗೊ ಕೊಟ್ಟು, ಉಳಿದವರಿಗೆ ಅದರಂತೆಯೇ ಕಾಣುವ ಹುಸಿಮಾತ್ರೆ ಕೊಟ್ಟು ವರ್ಷಗಟ್ಟಲೆ ನೋಡಿದರು. 2008ರಲ್ಲಿ ಫಲಿತಾಂಶ ಬಂತು: ಮರೆವಿನ ರೋಗ ತಡೆಯುವುದರಲ್ಲಿ ಅದು ಹುಸಿಮಾತ್ರೆಗಿಂತ ಮೇಲೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇನ್ನೂ ನೇರವಾಗಿ ಹೇಳಿತು: ಮರೆವಿನ ರೋಗ ತಡೆಯಲೆಂದು ಬಿ ಮತ್ತು ಇ ವಿಟಮಿನ್, ಮೀನೆಣ್ಣೆಯಂಥ ಪೂರಕಗಳನ್ನು ಶಿಫಾರಸು ಮಾಡಬೇಡಿ ಎಂದು. ಅರಿಶಿನವನ್ನು ಅಡುಗೆಗೆ ಧಾರಾಳವಾಗಿ ಹಾಕಿಕೋ. ಅದರ ಸಾರ ತೆಗೆದು ತುಂಬಿದ ಕ್ಯಾಪ್ಸೂಲ್‌ಗಳಿಂದ ಮಾತ್ರ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ವರದಿಯಾಗಿವೆ. ಗಿಡದಿಂದ ಬಂದದ್ದು ಎಂಬ ಮಾತ್ರಕ್ಕೆ ನಿರಪಾಯ ಎಂದುಕೊಳ್ಳುವ ಅಭ್ಯಾಸ ನಮ್ಮ ಮನೆಯಲ್ಲಿ ಎಲ್ಲರಿಗೂ ಇದೆ.

ನನಗೂ ಇತ್ತು. ಅಮ್ಮನಿಗೆ ನಾನು ಬೆಳಗ್ಗೆ ಕೊಡುತ್ತಿದ್ದ ಕಷಾಯ ನಿನಗೆ ನೆನಪಿರಬಹುದು. ಯಾರೋ ಹೇಳಿದ್ದರು, ನೆನಪು ಮರಳುತ್ತದೆ ಎಂದು. ಅಮ್ಮ ತುಟಿ ಬಿಗಿಹಿಡಿಯುತ್ತಿದ್ದಳು. ನಾನು ಲೋಟದ ಅಂಚನ್ನು ಹಲ್ಲಿಗೆ ಒತ್ತುತ್ತಿದ್ದೆ. ಅರ್ಧ ಗದ್ದದ ಮೇಲೆ ಹರಿದು ಸೀರೆಯ ಸೆರಗು ಕಂದಾಗುತ್ತಿತ್ತು. ನನ್ನ ಹೆಸರು ಅವಳಿಗೆ ಮರೆತುಹೋಗಿತ್ತು, ಆದರೆ ಕಹಿ ತರುವವಳು ಎಂಬ ಗುರುತು ಉಳಿದಿತ್ತು. ನಾನು ಬಾಗಿಲಲ್ಲಿ ಕಂಡರೆ ಸಾಕು, ಮುಖ ತಿರುಗಿಸುತ್ತಿದ್ದಳು. ಆ ಬೆಳಗುಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಸುಮ್ಮನೆ ಪಕ್ಕದಲ್ಲಿ ಕೂತು ತಲೆ ಬಾಚಬಹುದಿತ್ತು.

ಎಲ್ಲಿಂದ ಎಲ್ಲಿಗೋ ಹೋದೆ. ಆಹಾರದ ವಿಷಯ ಕೇಳಿದ್ದೆಯಲ್ಲ. ಸೊಪ್ಪು, ತರಕಾರಿ, ಕಾಳು, ಇಡೀ ಧಾನ್ಯ, ಬೀಜಗಳು, ತಿನ್ನುವವರಾದರೆ ಮೀನು. ಬೆಣ್ಣೆ, ಸಿಹಿ, ಕರಿದದ್ದು ಕಡಿಮೆ. ನೀನು ಬರೆದ ಮೈಂಡ್ ಆಹಾರಕ್ರಮದ ತಿರುಳು ಇಷ್ಟೇ. ಹೀಗೆ ತಿನ್ನುವವರಲ್ಲಿ ರೋಗ ಕಡಿಮೆ ಎಂದು 2015ರಲ್ಲಿ ಕಂಡುಬಂದಿತ್ತು. ಆಮೇಲೆ ಮನೆತನದಲ್ಲಿ ಮರೆವಿನ ರೋಗ ಇದ್ದವರನ್ನೇ, ಅಂದರೆ ನಮ್ಮಂಥವರನ್ನೇ, ಆರಿಸಿಕೊಂಡು 604 ಮಂದಿಯ ಮೇಲೆ ಮೂರು ವರ್ಷ ಪರೀಕ್ಷೆ ನಡೆಸಿದರು. 2023ರಲ್ಲಿ ತಿಳಿದದ್ದು: ಈ ಕ್ರಮದಂತೆ ಉಂಡವರಿಗೂ, ತಮ್ಮ ಎಂದಿನ ಊಟವನ್ನೇ ಸ್ವಲ್ಪ ತಗ್ಗಿಸಿ ಉಂಡವರಿಗೂ ನೆನಪು, ಆಲೋಚನೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಮೂರು ವರ್ಷ ಸಾಲದೇನೋ. ಹಾಗಾಗಿ ಒಳ್ಳೆಯದನ್ನು ತಿನ್ನು ಎನ್ನುತ್ತೇನೆ, ಹೃದಯಕ್ಕಂತೂ ಅದು ಒಳ್ಳೆಯದೇ. ಆದರೆ ತಿಂದ ತುತ್ತುತುತ್ತಿಗೂ ಭರವಸೆ ಕೇಳಬೇಡ. ಮಗನ ಹುಟ್ಟುಹಬ್ಬದ ಕೇಕ್ ಮುಟ್ಟಲಿಲ್ಲ ಎಂದು ಬರೆದಿದ್ದೀಯಲ್ಲ, ಅದು ನನಗೆ ಇಷ್ಟವಾಗಲಿಲ್ಲ.

ನಿನ್ನ ನಾಲ್ಕು ಪುಟದಲ್ಲಿ ರಕ್ತದೊತ್ತಡದ ಮಾತು ಒಂದೂ ಇಲ್ಲ, ಅದು ಆಶ್ಚರ್ಯ. 2019ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ, ಮೇಲಿನ ಅಂಕಿಯನ್ನು 140ರ ಬದಲು 120ಕ್ಕಿಂತ ಕೆಳಗಿಡಲು ಔಷಧಿ ಕೊಟ್ಟವರಲ್ಲಿ ರೋಗದ ಹೊಸ್ತಿಲು ಎನ್ನುವ ಸೌಮ್ಯ ಮರೆವು ಶೇ 19ರಷ್ಟು ಕಡಿಮೆ ಕಂಡಿತು. ಎಷ್ಟಕ್ಕೆ ಇಳಿಸಬೇಕು ಎಂಬುದನ್ನು ವೈದ್ಯರು ಹೇಳಲಿ, ನೀನು ಅಳತೆಯನ್ನಾದರೂ ಮಾಡಿಸಿಕೋ. ಕಿವಿಯದೂ ಹೀಗೆಯೇ. ಕಿವಿ ಮಂದವಾಗುವುದು ಮರೆವಿನ ಅಪಾಯ ಹೆಚ್ಚಿಸುತ್ತದೆ ಎಂದು ನಮಗೆ ಆಗ ಯಾರೂ ಹೇಳಿರಲಿಲ್ಲ. ಅಮ್ಮನ ಶ್ರವಣಯಂತ್ರ ಯಾವಾಗಲೂ ಕರವಸ್ತ್ರದ ಗಂಟಿನಲ್ಲಿ ಇರುತ್ತಿತ್ತು. ಹಾಕಿಕೊಂಡಾಗ ಅಪ್ಪಿಕೊಂಡರೆ ಅದು ಸಿಳ್ಳೆ ಹೊಡೆಯುತ್ತಿತ್ತು, ಅವಳು ಬೆಚ್ಚಿ ಕಿತ್ತಿಡುತ್ತಿದ್ದಳು. ಕಿರುಚಿ ಮಾತಾಡಿ ನಮಗೂ ಬೇಸರವಾಯಿತು, ಮಾತೇ ಕಡಿಮೆಯಾಯಿತು. ಅದರಿಂದಲೇ ರೋಗ ಬಂತು ಎನ್ನುತ್ತಿಲ್ಲ.

ಮತ್ತೆ ಆ ಸಾಲಿಗೆ ಬರುತ್ತೇನೆ. ಶುರುವಾಗಿದೆ ಎಂದೇ ಇಟ್ಟುಕೊಳ್ಳೋಣ. ಆಗ ನೀನು ಬೇರೆ ಏನು ಮಾಡುತ್ತಿದ್ದೆ? ಇದೇ ನಡಿಗೆ, ಇದೇ ಊಟ, ಇದೇ ನಿದ್ದೆ. ಶುರುವಾಗಿಲ್ಲ ಎಂದಾದರೂ ಅವೇ. ಇದನ್ನು ನಾನು ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಕೆಲವು ರಾತ್ರಿ ಕೆಲಸ ಮಾಡುತ್ತದೆ, ಕೆಲವು ರಾತ್ರಿ ಇಲ್ಲ. ನೀನಂತೂ ಈ ರೋಗದ ಬಗ್ಗೆ ಓದುತ್ತ ಎರಡು ಗಂಟೆಯವರೆಗೆ ಎಚ್ಚರವಿರುತ್ತೀಯ. ಮಾರನೆಯ ದಿನ ಸಭೆಯಲ್ಲಿ ಹೆಸರು ಹೊಳೆಯದಿದ್ದರೆ ಅದಕ್ಕೆ ಅಮಿಲಾಯ್ಡ್ ಯಾಕೆ ಬೇಕು? ಆ ಹೆಸರು ಸಂಜೆಗೆ ನೆನಪಾಯಿತು ಎಂದು ನೀನೇ ಬರೆದಿದ್ದೀಯ. ಅಮ್ಮನಿಗೆ ತಾನು ಮರೆತದ್ದೇ ತಿಳಿಯುತ್ತಿರಲಿಲ್ಲ.

ಒಂದು ಕೆಲಸ ಮಾತ್ರ ತಪ್ಪದೆ ಮಾಡು. ಆಮ್ಲಪಿತ್ತದ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿದ್ದೀಯ. ಅದರಿಂದ ದೇಹ ಬಿ12 ಹೀರಿಕೊಳ್ಳುವುದು ತಗ್ಗುತ್ತದೆ. ಬಿ12 ಕೊರತೆಯಾದರೂ, ಥೈರಾಯ್ಡ್ ಕುಂದಿದರೂ ಮರೆವು ಬರುತ್ತದೆ. ಅವೆರಡಕ್ಕೂ ಚಿಕಿತ್ಸೆ ಇದೆ. ರಕ್ತಪರೀಕ್ಷೆ ಮಾಡಿಸಿ, ಬಂದ ಅಂಕಿಯನ್ನೇ ಬರೆದು ಕಳಿಸು. “ಎಲ್ಲ ಸರಿಯಿದೆ” ಎಂದರೆ ನಾನು ನಂಬುವುದಿಲ್ಲ. ನಾನೂ ಮುಂದಿನ ವಾರ ಕಿವಿ ತೋರಿಸಿಕೊಂಡು ಬರುತ್ತೇನೆ.

ಇಂತಿ,
ನಿನ್ನ ಚಿಕ್ಕಮ್ಮ

ತಾ.ಕ.: ಗಿಂಕ್ಗೊ ಮಾತ್ರೆಯನ್ನು ಭಾವನವರಿಗೂ ಕೊಡುತ್ತಿದ್ದೇನೆ ಎಂದು ಬರೆದಿದ್ದೀಯ. ಅವರು ರಕ್ತ ತೆಳುವಾಗಿಸುವ ಮಾತ್ರೆಯಲ್ಲಿದ್ದಾರೆ. ಎರಡೂ ಸೇರಿದರೆ ರಕ್ತಸ್ರಾವವಾಗಬಹುದು. ಇವತ್ತೇ ನಿಲ್ಲಿಸಿ, ಅವರ ವೈದ್ಯರಿಗೆ ಫೋನ್ ಮಾಡಿ ತಿಳಿಸು.