ಏಪ್ರಿಲ್ ತಿಂಗಳ ತುಟ್ಟಿಭತ್ಯೆ ಸಂಬಳದ ಏರಿಕೆಯಲ್ಲ

ಮಾನ್ಯ ಸಂಪಾದಕರೇ,

ಸಂಬಳ ಹೆಚ್ಚಿಸುವಂತೆ ಮಾಲೀಕರನ್ನು ಹೇಗೆ ಕೇಳಬೇಕೆಂಬ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರುವ ಸಲಹೆಗಳು ಹೆಚ್ಚಾಗಿ ಸಾಫ್ಟ್‌ವೇರ್ ಉದ್ಯೋಗಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂಥವು. ಬೇರೆ ಕಂಪನಿಯ ಆಫರ್ ಲೆಟರ್ ಹಿಡಿದು ಚೌಕಾಸಿಗೆ ಕೂರಬಲ್ಲವರಿಗೆ ಅವು ಉಪಯೋಗಕ್ಕೆ ಬರಬಹುದು. ಪೀಣ್ಯ, ರಾಜಾಜಿನಗರ, ಬೊಮ್ಮಸಂದ್ರಗಳ ಸಣ್ಣ ಕಾರ್ಖಾನೆಗಳಲ್ಲಿ, ಕಾರ್ಮಿಕ ಸಂಘವಾಗಲೀ ಎಚ್.ಆರ್. ವಿಭಾಗವಾಗಲೀ ಇಲ್ಲದೆ ಯಜಮಾನರೊಬ್ಬರ ಮಾತೇ ಅಂತಿಮವಾಗಿರುವ ಕಡೆ ದುಡಿಯುವ ಆಪರೇಟರ್, ಸ್ಟೋರ್ ಕೀಪರ್, ಗುಮಾಸ್ತರ ಪರಿಸ್ಥಿತಿ ಬೇರೆ. ಅಂಥದೊಂದು ಕಾರ್ಖಾನೆಯಲ್ಲಿ ಬಟವಾಡೆ ಪುಸ್ತಕ ಬರೆಯುತ್ತಿದ್ದವನಾಗಿ, ಈ ವಿಷಯದಲ್ಲಿ ಕೆಲವು ಮಾತುಗಳನ್ನು ಓದುಗರ ಮುಂದಿಡಲು ಬಯಸುತ್ತೇನೆ.

ಮೊದಲನೆಯದು ಪ್ರತಿ ಏಪ್ರಿಲ್ 1ರಂದು ಜಾರಿಗೆ ಬರುವ ವ್ಯತ್ಯಸ್ಥ ತುಟ್ಟಿಭತ್ಯೆಯ ವಿಚಾರ. ಗ್ರಾಹಕ ಬೆಲೆ ಸೂಚ್ಯಂಕ ಹಿಂದಿನ ವರ್ಷ ಎಷ್ಟು ಅಂಶ ಏರಿತೋ ಅಷ್ಟಕ್ಕೆ, ಅಂಶವೊಂದಕ್ಕೆ ಇಂತಿಷ್ಟು ಪೈಸೆಯಂತೆ ಲೆಕ್ಕ ಹಾಕಿ, ಕಾರ್ಮಿಕ ಇಲಾಖೆ ಕನಿಷ್ಠ ವೇತನದೊಡನೆ ಕೊಡಬೇಕಾದ ಭತ್ಯೆಯನ್ನು ಪ್ರಕಟಿಸುತ್ತದೆ. ಅಕ್ಕಿ, ಬೇಳೆ, ಬಾಡಿಗೆ ದುಬಾರಿಯಾದದ್ದರಿಂದ ಕಳೆದುಹೋದ ಸಂಬಳದ ಬೆಲೆಯನ್ನು ತುಂಬಿಕೊಡುವ ವ್ಯವಸ್ಥೆ ಇದು. ಆದರೆ ಎಷ್ಟೋ ಕಾರ್ಖಾನೆಗಳಲ್ಲಿ ಇದನ್ನೇ ‘ಈ ವರ್ಷದ ಇಂಕ್ರಿಮೆಂಟ್’ ಎಂದು ಹೇಳಿ ಕೊಡುತ್ತಾರೆ. ಕೊಟ್ಟವರಿಗೆ ನೌಕರರು ಕೈಮುಗಿದು ಬರುವುದೂ ಉಂಟು. ಆ ಮೇಲೆ ಯಾರಾದರೂ ಸಂಬಳದ ಮಾತೆತ್ತಿದರೆ, ‘ಏಪ್ರಿಲ್‌ನಲ್ಲಿ ಕೊಟ್ಟಾಯಿತಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕನಿಷ್ಠ ವೇತನಕ್ಕಿಂತ ಹೆಚ್ಚು ಸಂಬಳವಿರುವ ಅನುಭವಸ್ಥರಿಗೆ ಅದೂ ಖಚಿತವಿಲ್ಲ, ಏಕೆಂದರೆ ಖಾಸಗಿ ನೌಕರನಿಗೆ ವರ್ಷ ವರ್ಷ ಇಂಕ್ರಿಮೆಂಟ್ ಕೊಡಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಹೀಗಾಗಿ ನಿನ್ನೆ ಸೇರಿದ ಹೆಲ್ಪರ್‌ಗೂ ಹತ್ತು ವರ್ಷ ಲೇತ್ ನಡೆಸಿದವನಿಗೂ ಇರುವ ಸಂಬಳದ ಅಂತರ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಾ ಬರುತ್ತದೆ.

ಕಾನೂನಿನಲ್ಲಿರುವ ಈ ಭತ್ಯೆಯೂ ತಾನಾಗಿಯೇ ಕೈಗೆ ಬರುತ್ತದೆ ಎನ್ನುವಂತಿಲ್ಲ. 2020ರ ಏಪ್ರಿಲ್‌ನಿಂದ ಸಿದ್ಧ ಉಡುಪು ಕಾರ್ಖಾನೆಗಳ ಕಾರ್ಮಿಕರಿಗೆ ಸಲ್ಲಬೇಕಿದ್ದ, ತಿಂಗಳಿಗೆ ಸುಮಾರು 417 ರೂಪಾಯಿಯ ತುಟ್ಟಿಭತ್ಯೆಯನ್ನು ಕೋವಿಡ್ ಕಾರಣ ಕೊಟ್ಟು ರಾಜ್ಯ ಸರ್ಕಾರ ಮುಂದೂಡಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಕಾರ್ಮಿಕರ ಪರವಾಗಿ ಆದೇಶ ನೀಡಿದ ಮೇಲೂ ಅನೇಕ ಕಾರ್ಖಾನೆಗಳು ಬಾಕಿ ತೀರಿಸಲು ವರ್ಷಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡವು. ಇದೇ ರಾಜ್ಯದ ಸರ್ಕಾರಿ ನೌಕರರಿಗೆ ಏಳನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಹೊಸ ವೇತನ ಸಿಕ್ಕಿತು. ಅದು ಅವರ ಸಂಘಟನೆಯ ಬಲ. ಅದಕ್ಕೆ ನನ್ನ ತಕರಾರಿಲ್ಲ. ಸಂಘಟನೆ ಇಲ್ಲದವನು ಮಾತ್ರ ಒಬ್ಬನೇ ಹೋಗಿ ಕೇಳಬೇಕು.

ಕೇಳುವ ರೀತಿಯಲ್ಲೂ ಒಂದು ತೊಡಕಿದೆ. ನಮ್ಮವರು ಸಾಮಾನ್ಯವಾಗಿ ಯಜಮಾನರ ಬಳಿ ಹೋಗುವುದು ಕಷ್ಟ ಬಂದಾಗ: ಮಗಳ ಕಾಲೇಜು ಫೀಸು ಕಟ್ಟಬೇಕು, ಮನೆ ಬಾಡಿಗೆ ಏರಿದೆ, ತಂಗಿಯ ಮದುವೆ ಗೊತ್ತಾಗಿದೆ. ಕಷ್ಟ ಹೇಳಿಕೊಂಡವನಿಗೆ ಯಜಮಾನರು ಬಹುಮಟ್ಟಿಗೆ ಇಲ್ಲವೆನ್ನುವುದಿಲ್ಲ, ಆದರೆ ಕೊಡುವುದು ಮುಂಗಡವನ್ನು. ಅದು ತಿಂಗಳಿಗಿಷ್ಟೆಂದು ಸಂಬಳದಲ್ಲಿ ಮುರಿದು, ಉಳಿದದ್ದು ದೀಪಾವಳಿ ಬೋನಸ್ಸಿನಲ್ಲಿ ವಜಾ ಆಗುತ್ತದೆ. ಸಂಬಳ ಕೇಳಲು ಹೋದವನು ಸಾಲಗಾರನಾಗಿ ಹೊರಬರುತ್ತಾನೆ, ಋಣದ ಭಾರದಿಂದ ಮುಂದಿನ ವರ್ಷ ಬಾಯಿ ತೆರೆಯುವುದೂ ಇಲ್ಲ. ಉಪ್ಪುಂಡ ಮನೆ ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ, ಅದನ್ನು ನಾನು ಹಳಿಯಲಾರೆ. ಆದರೆ ಕೇಳಿಕೆಯಲ್ಲಿ ಬರಬೇಕಾದದ್ದು ಸೇರಿದಾಗ ಒಂದು ಮಷಿನ್ ನೋಡಿಕೊಳ್ಳುತ್ತಿದ್ದವನು ಈಗ ಎಷ್ಟು ನೋಡಿಕೊಳ್ಳುತ್ತಿದ್ದಾನೆ, ರಿಜೆಕ್ಷನ್ ಎಷ್ಟು ತಗ್ಗಿದೆ, ಕೆಲಸ ಬಿಟ್ಟು ಹೋದ ಸಹೋದ್ಯೋಗಿಯ ಯಾವ ಜವಾಬ್ದಾರಿ ತನ್ನ ಮೇಲೆ ಬಿದ್ದಿದೆ ಎಂಬ ವಿವರ. ಅದನ್ನು ಒಂದು ಪುಟದಲ್ಲಿ ಕನ್ನಡದಲ್ಲೇ ಬರೆದು, ತಾರೀಖು ಹಾಕಿ, ನಕಲೊಂದನ್ನು ತನ್ನಲ್ಲಿಟ್ಟುಕೊಂಡು ಕೊಡಬೇಕು. ಬಾಯಿಮಾತಿನ ಕೋರಿಕೆ ‘ನೋಡೋಣ’ ಎಂಬಲ್ಲಿಗೆ ನಿಂತುಬಿಡುತ್ತದೆ.

ಎಷ್ಟು ಏರಿತು ಎಂಬುದರಷ್ಟೇ ಮುಖ್ಯವಾದದ್ದು ಯಾವ ಬಾಬ್ತಿನಲ್ಲಿ ಏರಿತು ಎಂಬುದು. ಕೈಗೆ ಬರುವ ಮೊತ್ತವನ್ನಷ್ಟೇ ನೋಡುವವರಿಗೆ ಇದು ಹೊಳೆಯುವುದಿಲ್ಲ. ಹನ್ನೆರಡು ವರ್ಷ ಸೇವೆಯಾಗಿ, ಬೇಸಿಕ್ (ಮೂಲವೇತನ) ಮತ್ತು ಡಿ.ಎ. (ತುಟ್ಟಿಭತ್ಯೆ) ಸೇರಿ 12,000 ರೂಪಾಯಿ ಪಡೆಯುತ್ತಿರುವವನಿಗೆ 2,000 ರೂಪಾಯಿ ಏರಿಕೆ ಸಿಕ್ಕಿತೆನ್ನಿ. ಅದು ಬೇಸಿಕ್‌ಗೆ ಸೇರಿದರೆ, ಶೇ 12ರಂತೆ ಅವನ ಪಾಲು 240, ಮಾಲೀಕರ ಪಾಲು 240 ರೂಪಾಯಿ ಪ್ರತಿ ತಿಂಗಳು ಭವಿಷ್ಯನಿಧಿ ಹಾಗೂ ಪಿಂಚಣಿ ಬಾಬ್ತಿಗೆ ಹೆಚ್ಚುವರಿಯಾಗಿ ಹೋಗುತ್ತದೆ. ಕೆಲಸ ಬಿಡುವಾಗ ಸೇವೆಗೆ ಪ್ರತಿಯಾಗಿ ಸಿಗುವ ಗ್ರಾಚ್ಯುಟಿಯನ್ನು ಕೊನೆಯ ಸಂಬಳದ ಆಧಾರದ ಮೇಲೆ, ವರ್ಷಕ್ಕೆ 15 ದಿನದಂತೆ, ತಿಂಗಳಿಗೆ 26 ದಿನವೆಂದು ಹಿಡಿದು ಲೆಕ್ಕ ಹಾಕುವುದರಿಂದ, ಇಂದಿನ ಏರಿಕೆ ಕಳೆದುಹೋದ ಹನ್ನೆರಡು ವರ್ಷಗಳಿಗೂ ಅನ್ವಯಿಸಿ 13,846 ರೂಪಾಯಿ ಹೆಚ್ಚು ತರುತ್ತದೆ. ಅದೇ ಹಣವನ್ನು ‘ವಿಶೇಷ ಭತ್ಯೆ’, ‘ಸಾರಿಗೆ ಭತ್ಯೆ’ ಎಂದು ಬರೆದರೆ ಇದ್ಯಾವುದೂ ಇಲ್ಲದಂತಾಗಬಹುದು. ಎಲ್ಲರಿಗೂ ಒಂದೇ ರೀತಿ ಕೊಡುವ ಭತ್ಯೆಗಳನ್ನು ಭವಿಷ್ಯನಿಧಿಯ ಲೆಕ್ಕದಿಂದ ಹೊರಗಿಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆ ಎಂಬ ಕೇಂದ್ರ ಕಾನೂನಿನ ಪ್ರಕಾರ, ವೇತನದ ಲೆಕ್ಕದಿಂದ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದಷ್ಟೂ ವೇತನವೆಂದೇ ಪರಿಗಣಿತವಾಗುತ್ತದೆ. ಈಗ ಇದಕ್ಕೆ ಹೊಂದಿಸಲು ಸಂಬಳದ ಚೀಟಿಯ ಕಲಮುಗಳನ್ನು ಅದಲು ಬದಲು ಮಾಡುವಾಗ, ಆ ಬದಲಾವಣೆಯನ್ನೇ ಏರಿಕೆಯೆಂದು ತೋರಿಸುವ ಸಾಧ್ಯತೆಯಿದೆ. ಬೇಸಿಕ್ ಹೆಚ್ಚಾಗಿದೆಯೆಂದು ಸಂತೋಷಪಡುವ ಮೊದಲು ಒಟ್ಟು ಮೊತ್ತವನ್ನು ಹಿಂದಿನ ಚೀಟಿಯೊಡನೆ ಹೋಲಿಸಿ ನೋಡುವುದು ಒಳ್ಳೆಯದು.

ಇ.ಎಸ್.ಐ. (ನೌಕರರ ರಾಜ್ಯ ವಿಮೆ) ವಿಷಯದಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. 2017ರ ಜನವರಿಯಲ್ಲಿ ನಿಗದಿಯಾದ 21,000 ರೂಪಾಯಿಯ ಮಿತಿಯನ್ನು ಸಂಬಳ ದಾಟಿದರೆ, ಚಾಲ್ತಿಯಲ್ಲಿರುವ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ ನೌಕರ ಯೋಜನೆಯಿಂದ ಹೊರಬೀಳುತ್ತಾನೆ. ಸಂಬಳದ ಶೇ 0.75ರಷ್ಟು ಕಟ್ಟಿ ಇಡೀ ಕುಟುಂಬಕ್ಕೆ ರಾಜಾಜಿನಗರದ ಅಥವಾ ಪೀಣ್ಯದ ಇ.ಎಸ್.ಐ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದವನಿಗೆ ಆರುನೂರು ರೂಪಾಯಿಯ ಏರಿಕೆ ದೊಡ್ಡ ನಷ್ಟವೇ ಆದೀತು. ಡಯಾಲಿಸಿಸ್‌ಗೆ ಹೋಗುವ ತಾಯಿ ಮನೆಯಲ್ಲಿದ್ದಾಗ, ‘ಈ ವರ್ಷ ನನಗೆ ಬೇಡ ಸಾರ್’ ಎಂದು ಏರಿಕೆಯನ್ನು ನಿರಾಕರಿಸಿದವರನ್ನು ನಾನು ಕಂಡಿದ್ದೇನೆ. 20,500ರ ಆಸುಪಾಸಿನಲ್ಲಿರುವವರು ಕೇಳುವಾಗ ಮಿತಿಯನ್ನು ಚೆನ್ನಾಗಿ ದಾಟುವಷ್ಟು ಮೊತ್ತವನ್ನೂ ಕುಟುಂಬದ ಆರೋಗ್ಯ ವಿಮೆಯನ್ನೂ ಒಟ್ಟಿಗೇ ಕೇಳಬೇಕು. ಈ ಮಿತಿಯನ್ನು ಕೇಂದ್ರ ಸರ್ಕಾರ ಏರಿಸಬೇಕೆಂಬುದು ಬೇರೆಯೇ ಪತ್ರಕ್ಕೆ ತಕ್ಕ ವಿಷಯ.

ಮಾಲೀಕರ ಪಕ್ಷದಲ್ಲೂ ನ್ಯಾಯವಿದೆ. ಸಣ್ಣ ಕಾರ್ಖಾನೆಗಳು ದೊಡ್ಡ ಕಂಪನಿಗಳಿಗೆ ಜಾಬ್ ವರ್ಕ್ ಮಾಡಿಕೊಡುತ್ತವೆ. ಒಂದು ಬಿಡಿಭಾಗಕ್ಕೆ ಇಷ್ಟೆಂದು ಒಮ್ಮೆ ನಿಗದಿಯಾದ ದರ ವರ್ಷಗಟ್ಟಲೆ ಅಲ್ಲೇ ನಿಲ್ಲುತ್ತದೆ, ಬಿಲ್ಲಿನ ಹಣವೂ ತಡವಾಗಿ ಬರುತ್ತದೆ. ಅಂಥವರು ಏರಿಸಲಾಗದು ಎಂದರೆ ನಂಬಬಹುದು. ಆದರೆ ಹಾಗೆನ್ನುವುದಾದರೆ ಅರ್ಜಿಗೆ ಲಿಖಿತವಾಗಿ ಉತ್ತರಿಸಿ, ಮತ್ತೆ ಯಾವ ತಿಂಗಳು ಪರಿಶೀಲಿಸುತ್ತೇವೆಂದು ತಿಳಿಸುವುದಕ್ಕೆ ಖರ್ಚೇನೂ ಬೀಳುವುದಿಲ್ಲ. ವರ್ಷಗಟ್ಟಲೆ ತಮ್ಮೊಂದಿಗಿದ್ದ ಕುಶಲ ಕೆಲಸಗಾರ ಎರಡು ಸಾವಿರದ ಆಸೆಗೆ ಪಕ್ಕದ ರಸ್ತೆಯ ಕಾರ್ಖಾನೆ ಸೇರಿದನೆಂದು ಬೇಸರಪಡುವ ಯಜಮಾನರು, ಹೊಸಬನಿಗೆ ಕೆಲಸ ಕಲಿಸುವಾಗ ಹಾಳಾಗುವ ಮಾಲಿನ ಬೆಲೆಯನ್ನೂ ಒಮ್ಮೆ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಕಾರ್ಮಿಕ ಇಲಾಖೆಯಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಸಂಬಳದ ಚೀಟಿ ಕೊಡುವುದು ವೇತನ ಸಂಹಿತೆಯಂತೆ ಈಗ ಪ್ರತಿಯೊಬ್ಬ ಮಾಲೀಕರ ಕರ್ತವ್ಯ. ಆ ಚೀಟಿಯಲ್ಲಿ ಆ ವರ್ಷದ ತುಟ್ಟಿಭತ್ಯೆಯ ಹೆಚ್ಚಳವನ್ನು ಒಂದು ಸಾಲಿನಲ್ಲಿ, ಮಾಲೀಕರು ತಾವಾಗಿ ಕೊಟ್ಟ ಏರಿಕೆಯನ್ನು ಮತ್ತೊಂದು ಸಾಲಿನಲ್ಲಿ, ಏನೂ ಕೊಡದಿದ್ದರೆ ಸೊನ್ನೆಯೆಂದೇ, ಕನ್ನಡದಲ್ಲಿ ನಮೂದಿಸುವಂತೆ ಇಲಾಖೆ ಆದೇಶಿಸಲಿ. ಭತ್ಯೆಯ ಅಧಿಸೂಚನೆ ಹೊರಬಿದ್ದೊಡನೆ ಅದರ ಮೊತ್ತವನ್ನು ಕಾರ್ಖಾನೆಯ ಗೇಟಿನ ಫಲಕದಲ್ಲಿ ಬರೆಸಿದ್ದಾರೆಯೇ ಎಂಬುದನ್ನು ನಿರೀಕ್ಷಕರು ಏಪ್ರಿಲ್ ತಿಂಗಳಲ್ಲೇ ಬಂದು ನೋಡಲಿ.

ಇತಿ ತಮ್ಮ ವಿಶ್ವಾಸಿ,
ವೇತನ ವಿಭಾಗದ ನಿವೃತ್ತ ಗುಮಾಸ್ತ, ಬೆಂಗಳೂರು