ಕಡಲಿನಿಂದ ಕಾನಿನವರೆಗೆ: ಬೇಸಿಗೆ ರಜೆಗೆ ಬರುವ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಪರೀಕ್ಷೆ ಮುಗಿಸಿ ಏಪ್ರಿಲ್ ಕೊನೆಗೆ ಮಂಗಳೂರಿಗೆ ಬರುವುದಾಗಿಯೂ, ಬಯಲುಸೀಮೆಯಲ್ಲೇ ಬೆಳೆದ ನಿನ್ನ ಗೆಳತಿಯನ್ನು ಜೊತೆಗೆ ಕರೆತರುವುದಾಗಿಯೂ ನೀನು ತಿಳಿಸಿದ್ದು ನನಗೂ ನಿನ್ನ ಅಪ್ಪನಿಗೂ ಬಹಳ ಸಂತೋಷ ತಂದಿದೆ. ಅದರ ಜೊತೆಗೆ ನೀನೊಂದು ಪ್ರಶ್ನೆಯನ್ನೂ ಕೇಳಿದ್ದೀಯೆ: ಈ ಸೆಕೆಯಲ್ಲಿ ಅವಳಿಗೆ ತೋರಿಸುವಂಥದ್ದು ಏನಿದೆ, ಕಾಡು ನೋಡುವುದಾದರೆ ಮಳೆಗಾಲಕ್ಕೇ ಬರಬೇಕಿತ್ತಲ್ಲವೇ ಎಂದು. ಅದಕ್ಕೆ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಲು ನನಗೆ ಮನಸ್ಸಾಗಲಿಲ್ಲ. ನಮ್ಮ ಕರಾವಳಿಯನ್ನೂ ಅದರ ಬೆನ್ನಿಗಿರುವ ಮಳೆಕಾಡನ್ನೂ ಒಟ್ಟಿಗೆ ಅರಿಯಲು ಏಪ್ರಿಲ್ ಮತ್ತು ಮೇ ತಿಂಗಳುಗಳಿಗಿಂತ ತಕ್ಕ ಕಾಲ ಇನ್ನೊಂದಿಲ್ಲವೆಂದು ನಾನು ನಂಬಿದ್ದೇನೆ. ಮಳೆಗಾಲದಲ್ಲಿ ಎಲ್ಲೆಡೆಯೂ ನೀರಿರುವುದರಿಂದ ಅದು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಬೇಸಿಗೆಯಲ್ಲಿ ಇನ್ನೂ ಹರಿಯುತ್ತಿರುವ ಪ್ರತಿಯೊಂದು ತೊರೆಯೂ ತನ್ನ ಹಿಂದೆ ಒಂದು ಕಾಡಿದೆ ಎಂದು ತಾನೇ ಹೇಳುತ್ತದೆ.

ಬರುವಾಗ ರಾತ್ರಿಯ ಬಸ್ಸು ಬೇಡ, ಹಗಲಿನ ರೈಲನ್ನೇ ಹಿಡಿಯಿರಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿ.ಮೀ. ಹಾದಿಯಲ್ಲಿ 57 ಸುರಂಗಗಳೂ ನೂರಕ್ಕೂ ಹೆಚ್ಚು ಸೇತುವೆಗಳೂ ಇವೆ. ಇಳಿಜಾರು ಎಷ್ಟು ಕಡಿದಾಗಿದೆಯೆಂದರೆ ಪ್ರತಿ 50 ಮೀಟರಿಗೆ ರೈಲು ಒಂದು ಮೀಟರ್ ಕೆಳಗಿಳಿಯುತ್ತದೆ. 2021ರ ಜುಲೈಯಿಂದ ಈ ಮಾರ್ಗದ ಹಗಲಿನ ರೈಲುಗಳಿಗೆ ದೊಡ್ಡ ಗಾಜಿನ ಕಿಟಕಿಗಳಿರುವ ವಿಸ್ಟಾಡೋಮ್ ಬೋಗಿಗಳನ್ನು ಜೋಡಿಸಿದ್ದಾರೆ, ಆದರೆ ಸಾಮಾನ್ಯ ಬೋಗಿಯ ತೆರೆದ ಕಿಟಕಿಯೇ ನನಗೆ ಹೆಚ್ಚು ಇಷ್ಟ. ಕಾಡಿನ ತಂಪು ಮುಖಕ್ಕೆ ತಾಗುವುದು ಅಲ್ಲಿಯೇ. ಸುರಂಗಗಳ ನಡುವೆ ಕೆಳಗೆ ಕಾಣುವ ಹಳ್ಳಗಳಲ್ಲಿ ಕಲ್ಲುಗಳ ಸಂದಿಯಿಂದ ನೀರು ಹರಿಯುವುದನ್ನು ನಿನ್ನ ಗೆಳತಿಗೆ ತೋರಿಸು. ಆ ನೀರು ಕುಮಾರಧಾರೆಯನ್ನು ಸೇರಿ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ, ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನಿಂತು, ಕೊನೆಗೆ ನಮ್ಮ ಮನೆಯ ನಲ್ಲಿಗೆ ಬರುತ್ತದೆ. 2016 ಮತ್ತು 2019ರ ಬೇಸಿಗೆಗಳಲ್ಲಿ ತುಂಬೆಯ ಮಟ್ಟ ಇಳಿದು ನಗರಕ್ಕೆ ಸರದಿಯ ಮೇಲೆ ನೀರು ಬಿಟ್ಟದ್ದು ನಿನಗೆ ನೆನಪಿರಬೇಕು. ಹಾಗಾಗಿ ನಿಮ್ಮ ರಜೆಯ ಓಡಾಟವೆಲ್ಲ ಈ ನೀರಿನ ಹಾದಿಯಲ್ಲೇ, ಕೆಳಗಿನಿಂದ ಮೇಲಕ್ಕೆ ಸಾಗಲಿ ಎಂಬುದು ನನ್ನ ಆಸೆ.

ಮೊದಲು ಕಡಲು. ಈ ತಿಂಗಳುಗಳಲ್ಲಿ ಕಡಲಿನ ಕೆಲಸಗಳೆಲ್ಲವೂ ಬೆಳಗ್ಗೆ ಒಂಬತ್ತರೊಳಗೆ ಮುಗಿಯಬೇಕು. ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಮೇಲೇರಿದಂತೆ ಆ ಜಾಗಕ್ಕೆ ಕಡಲಿನ ಗಾಳಿ ನುಗ್ಗುತ್ತದೆ, ಮಧ್ಯಾಹ್ನದ ಹೊತ್ತಿಗೆ ನೀರಿನ ಮೈಯೆಲ್ಲ ಕದಡುತ್ತದೆ. ಬೆಳಗಿನಲ್ಲಾದರೆ ಅಲೆಗಳು ಸಣ್ಣವಾಗಿ, ಸಾಲಾಗಿ ಬರುತ್ತವೆ. ಸರ್ಫಿಂಗ್ ಕಲಿಯಬೇಕೆಂಬ ನಿನ್ನ ಬಹುಕಾಲದ ಆಸೆಗೆ ಮೂಲ್ಕಿ ಮತ್ತು ಸಸಿಹಿತ್ಲು ಕಡೆಯ ಬೆಳಗುಗಳೇ ಸರಿಯಾದವು. ನಂದಿನಿ ಮತ್ತು ಶಾಂಭವಿ ನದಿಗಳು ಒಟ್ಟಾಗಿ ಕಡಲು ಸೇರುವ ಆ ಅಳಿವೆಯ ಬಳಿ ಮರಳಿನ ದಿಬ್ಬಗಳಿರುವುದರಿಂದ ಅಲೆ ದೂರದಲ್ಲೇ ಮುರಿದು, ಕಲಿಯುವವರಿಗೆ ಅನುಕೂಲವಾಗುತ್ತದೆ. ಕಲಿಸುವವರಿಲ್ಲದೆ ನೀರಿಗಿಳಿಯಬೇಡಿ ಎಂಬುದು ಮಾತ್ರ ನನ್ನ ಕಟ್ಟುನಿಟ್ಟಿನ ಮಾತು. ಸೆಳೆತಕ್ಕೆ ಸಿಕ್ಕಿದರೆ ದಡದತ್ತ ನೇರವಾಗಿ ಈಜಲು ಹೆಣಗದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಡಕ್ಕೆ ತಿರುಗಬೇಕು. ಇದನ್ನು ಗೆಳತಿಗೂ ಮೊದಲೇ ಹೇಳಿಕೊಡು. ಸರ್ಫಿಂಗ್ ಬೇಡವೆನಿಸಿದ ದಿನ ಶಾಂಭವಿಯ ಹಿನ್ನೀರಿನಲ್ಲಿ ಕಯಾಕ್ ಹಿಡಿದು, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಅಂಚಿಗೆ ಹೋಗಿ. ಇಳಿತದ ಹೊತ್ತಿನಲ್ಲಿ ಕಾಂಡ್ಲಾದ ಬೇರುಗಳು ಕೆಸರಿನಿಂದ ಮೇಲೆದ್ದು ನಿಂತಿರುತ್ತವೆ, ಅವುಗಳ ನಡುವೆ ಏಡಿಗಳೂ ಮೀನಿನ ಮರಿಗಳೂ ಓಡಾಡುತ್ತವೆ. ನಮ್ಮ ದಕ್ಕೆಗೆ, ಅಂದರೆ ಮೀನುಗಾರಿಕಾ ಬಂದರಿಗೆ, ಬರುವ ಎಷ್ಟೋ ಜಾತಿಯ ಮೀನುಗಳು ಬಾಲ್ಯ ಕಳೆಯುವುದು ಇಂಥ ಕಡೆಯಲ್ಲಿ.

ಪಣಂಬೂರಿಗೆ ಒಂದು ಸಂಜೆ ಸಾಕು. ಜನಜಂಗುಳಿ ಹೆಚ್ಚು ಎಂಬುದು ನಿಜವಾದರೂ ಅಲ್ಲಿ ನಿಂತು ನೋಡಬೇಕಾದದ್ದೂ ಒಂದಿದೆ. ಪಕ್ಕದಲ್ಲಿರುವ ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಯಾಯಿತು. ಕುದುರೆಮುಖದ ಬೆಟ್ಟದಲ್ಲಿ ಅಗೆದ ಕಬ್ಬಿಣದ ಅದಿರನ್ನು ನೀರಿನಲ್ಲಿ ಕಲಸಿ, ಕಾಡು ತೋಟಗಳ ನಡುವೆ ಹಾಸಿದ ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಇಲ್ಲಿಗೇ ಹರಿಸುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ ಆ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಬೆಟ್ಟದ ನೀರೂ ಬೆಟ್ಟದ ಕಬ್ಬಿಣವೂ ಒಂದೇ ಊರಿಗೆ ಇಳಿದು ಬರುತ್ತಿದ್ದ ಆ ಕಾಲದಲ್ಲಿ, ಕಬ್ಬಿಣ ನಿಲ್ಲಲಿ, ನೀರು ಉಳಿಯಲಿ ಎಂದು ಹೋರಾಡಿದವರ ಬಗ್ಗೆ ನನಗೆ ಇಂದಿಗೂ ಅಪಾರವಾದ ಗೌರವವಿದೆ.

ಇನ್ನೊಂದು ಬೆಳಗ್ಗೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಫಲ್ಗುಣಿಯನ್ನು ದಾಟಿ ತಣ್ಣೀರುಬಾವಿಗೆ ಹೋಗಿಬನ್ನಿ. ಟಿಪ್ಪು 1784ರಲ್ಲಿ ಕಪ್ಪುಕಲ್ಲಿನಲ್ಲಿ ಕಟ್ಟಿಸಿದ ಆ ಕಾವಲು ಗೋಪುರ ನದಿಯತ್ತ ಏಕೆ ಮುಖ ಮಾಡಿದೆ ಎಂಬುದು ದೋಣಿಯಲ್ಲಿ ಕುಳಿತಾಗ ತಾನಾಗಿ ತಿಳಿಯುತ್ತದೆ. ಫಲ್ಗುಣಿ ಮತ್ತು ನೇತ್ರಾವತಿ ಎರಡೂ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಬೇಸಿಗೆಯಲ್ಲಿ ನದಿಯ ಹರಿವು ಕುಗ್ಗಿದಂತೆ ಉಬ್ಬರದ ಉಪ್ಪುನೀರು ಬಹಳ ಮೇಲಿನವರೆಗೆ ಏರುತ್ತದೆ, ಇಳಿತದಲ್ಲಿ ಮರಳದಿಬ್ಬಗಳು ತೆರೆದುಕೊಳ್ಳುತ್ತವೆ, ಸೊಂಟಮಟ್ಟದ ನೀರಿನಲ್ಲಿ ನಿಂತು ಮರುವಾಯಿ ಚಿಪ್ಪು ಹೆಕ್ಕುವವರು ಕಾಣಸಿಗುತ್ತಾರೆ. ಕಡಲಾಮೆಗಳ ವಿಷಯವನ್ನೂ ಹೇಳಿಬಿಡುತ್ತೇನೆ: 2024ರಲ್ಲಿ ನಮ್ಮ ನಗರದ ಆಸುಪಾಸಿನ ಮರಳಿನಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಟ್ಟದ್ದು ಕಂಡುಬಂದು, ಅರಣ್ಯ ಇಲಾಖೆಯವರು ಗೂಡುಗಳಿಗೆ ಬೇಲಿ ಹಾಕಿ ಕಾದರು. ನೀವು ಬರುವ ಹೊತ್ತಿಗೆ ಹೆಚ್ಚಿನ ಮರಿಗಳು ಕಡಲು ಸೇರಿರುತ್ತವೆ. ಆದರೂ ಕತ್ತಲಾದ ಮೇಲೆ ಮರಳಿನಲ್ಲಿ ಟಾರ್ಚ್ ಬೀಸುತ್ತ ನಡೆಯಬಾರದು, ಏಕೆಂದರೆ ಮರಿಗಳು ನೀರಿನ ಮೇಲಿನ ಮಂದ ಬೆಳಕನ್ನು ನೋಡಿ ದಾರಿ ಹಿಡಿಯುತ್ತವೆ, ದಡದ ದೀಪಗಳು ಅವುಗಳನ್ನು ತಪ್ಪು ದಿಕ್ಕಿಗೆ ಎಳೆಯುತ್ತವೆ.

ಮಲ್ಪೆಯ ಆಚೆಗಿನ ಸೇಂಟ್ ಮೇರಿಸ್ ದ್ವೀಪವನ್ನು ಮರೆಯುವಂತಿಲ್ಲ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಅಂದರೆ ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ತಣಿದು ಕುಗ್ಗಿ ಬಹುಭುಜ ಕಂಬಗಳಾಗಿ ಸೀಳಿದ ಕಲ್ಲುಗಳು ಅಲ್ಲಿವೆ. ನೆರಳು ಕಡಿಮೆಯಾದ್ದರಿಂದ ಮೊದಲ ದೋಣಿಗೇ ಹೋಗಬೇಕು. ನಗರದೊಳಗಿನ ನಡುಹಗಲುಗಳಿಗೆ ಸೇಂಟ್ ಅಲೋಶಿಯಸ್ ಚಾಪೆಲಿನ ಚಿತ್ರಗಳೂ, ಕದ್ರಿಯ 968ನೇ ಇಸವಿಯ ಲೋಕೇಶ್ವರ ಕಂಚಿನ ವಿಗ್ರಹವೂ, ಪಿಲಿಕುಳದ ತಾರಾಲಯವೂ ಇವೆ; ಅವುಗಳ ದಾರಿ ನಿನಗೇ ಗೊತ್ತು.

ಇನ್ನು ಕಾಡು. ಮಳೆಯಿಲ್ಲದ ತಿಂಗಳುಗಳಲ್ಲಿ ಮಳೆಕಾಡು ಒಣಗಿ ನಿದ್ರಿಸುತ್ತದೆಂಬ ಭಾವನೆ ನಿನ್ನಲ್ಲಿದ್ದರೆ ಅದನ್ನು ಘಟ್ಟದ ಕೆಳಗೇ ಬಿಟ್ಟುಬಿಡು. ಇಲ್ಲಿಂದ ಕಾರ್ಕಳ, ಹೆಬ್ರಿ, ಸೋಮೇಶ್ವರದ ಮೇಲಿಂದ ಆಗುಂಬೆಗೆ ಸುಮಾರು ನೂರು ಕಿ.ಮೀ. ದೂರ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರು ಅದು. ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಉಳಿದ ತಿಂಗಳುಗಳಿಗೆ ಬೇಕಾದ ನೀರನ್ನು ತರಗೆಲೆಯ ದಪ್ಪ ಹಾಸು, ಬೇರುಗಳ ಜಾಲ, ಮೇಲಿನ ಕಣಿವೆಗಳ ಶೋಲಾ ಕಾಡು ಮತ್ತು ಹುಲ್ಲುಗಾವಲಿನ ಮಣ್ಣು ಹಿಡಿದಿಟ್ಟುಕೊಂಡು, ನಮ್ಮ ಅಜ್ಜಿ ಅಕ್ಕಿಮುಡಿಯನ್ನು ವರ್ಷವಿಡೀ ಅಳೆದು ತೆಗೆಯುತ್ತಿದ್ದಂತೆ ಸ್ವಲ್ಪಸ್ವಲ್ಪವಾಗಿ ಹೊರಬಿಡುತ್ತವೆ. ಮೇ ತಿಂಗಳಲ್ಲಿ ಅಲ್ಲಿನ ಒಂದು ತೊರೆಯಲ್ಲಿ ಕಾಲಿಟ್ಟು ಕುಳಿತರೆ ನಿಮ್ಮ ಪಾದಕ್ಕೆ ತಾಗುವುದು ಹಿಂದಿನ ವರ್ಷದ ಮಳೆ.

ಆ ಕಾಡಿನಲ್ಲಿ ಈಗ ನಡೆಯುವ ಎಲ್ಲ ಕೆಲಸವೂ ಮುಂದೆ ಬರುವ ಮಳೆಯ ಸಿದ್ಧತೆಯೇ. ನಾಗಸಂಪಿಗೆ ಕೆಂಪು ಚಿಗುರು ಬಿಟ್ಟು ಬಿಳಿಯ ಹೂ ಹೊತ್ತಿರುತ್ತದೆ. ಸಾಲುಧೂಪದ ಬೀಜ ಮಳೆ ಶುರುವಾಗುವ ಹೊತ್ತಿಗೆ ಉದುರುತ್ತದೆ. ಹಲಸಿನ ಬೀಜದ ಹಾಗೆಯೇ ಅದನ್ನೂ ಒಣಗಿಸಿ ಕಾದಿಡಲಾಗದು, ನೆಲಕ್ಕೆ ಬಿದ್ದ ಕೂಡಲೇ ಹಸಿಮಣ್ಣು ಸಿಗದಿದ್ದರೆ ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಮಂಗಟ್ಟೆ ಹಕ್ಕಿಯ ಹೆಣ್ಣು ಹಳೆಯ ಮರದ ಪೊಟರೆಯೊಳಗೆ ಕುಳಿತು, ಪೊಟರೆಯ ಬಾಯನ್ನು ಮುಚ್ಚಿಕೊಂಡು, ಒಂದು ಸಣ್ಣ ಸೀಳನ್ನಷ್ಟೇ ಉಳಿಸಿಕೊಂಡಿರುತ್ತದೆ. ಗಂಡು ಅತ್ತಿ, ಗೋಳಿಯ ಹಣ್ಣುಗಳನ್ನು ತಂದು ಆ ಸೀಳಿನಲ್ಲಿ ಉಣಿಸುತ್ತದೆ. ಅಂಥ ಪೊಟರೆ ಕಂಡರೆ ದೂರದಲ್ಲೇ ನಿಲ್ಲಿ, ಏಕೆಂದರೆ ಜನರ ಗದ್ದಲಕ್ಕೆ ಗಂಡು ಹತ್ತಿರ ಬರದೆ ಹೋದರೆ ಒಳಗಿರುವ ತಾಯಿಗೂ ಮರಿಗಳಿಗೂ ಊಟವಿಲ್ಲ. ಛಾಯಾಚಿತ್ರದ ಆಸೆಗೆ ಗೂಡಿನ ಬುಡದಲ್ಲೇ ಗಂಟೆಗಟ್ಟಲೆ ಬೀಡುಬಿಡುವ ಪರಿಪಾಠ ನನಗೆ ಸ್ವಲ್ಪವೂ ಒಪ್ಪಿಗೆಯಾಗದು.

ಎಲ್ಲಕ್ಕಿಂತ ಹೆಚ್ಚಾಗಿ ನಾನು ಹೇಳಬೇಕೆಂದಿರುವುದು ಕಾಳಿಂಗ ಸರ್ಪದ ಬಗ್ಗೆ. ಮಾರ್ಚ್‌ನಿಂದ ಮೇವರೆಗೆ ಅವುಗಳ ಜೋಡಿಯಾಗುವ ಮತ್ತು ಮೊಟ್ಟೆಯಿಡುವ ಕಾಲ. ಕೈಕಾಲಿಲ್ಲದ ಆ ತಾಯಿ ತನ್ನ ಮೈಯ ಸುರುಳಿಯಿಂದಲೇ ತರಗೆಲೆಗಳನ್ನು ಎಳೆದು ರಾಶಿಮಾಡಿ, ನಡುವೆ ಮೊಟ್ಟೆಗಳನ್ನಿಟ್ಟು, ಮೇಲೆ ಮತ್ತೆ ಎಲೆ ಹೊದಿಸಿ ವಾರಗಟ್ಟಲೆ ಕಾವಲು ಕೂರುತ್ತದೆ. ಎಲೆಗಳನ್ನು ಎಷ್ಟು ಒತ್ತಾಗಿ ಅಡಕಿರುತ್ತದೆಂದರೆ ಆಗುಂಬೆಯಂಥ ಊರಿನ ಮಳೆಯಲ್ಲೂ ಒಳಗಿನ ಮೊಟ್ಟೆಗಳು ನೆನೆಯುವುದಿಲ್ಲ. ಹೀಗೆ ಎಲೆಯ ಗೂಡು ಕಟ್ಟುವ ಹಾವು ಬೇರೆ ಯಾವುದೂ ಇಲ್ಲ. 2005ರಲ್ಲಿ ಹಾವುಗಳ ತಜ್ಞ ರೊಮುಲಸ್ ವಿಟೇಕರ್ ಸ್ಥಾಪಿಸಿದ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರದಲ್ಲಿ, ಹಾವಿನ ದೇಹದಲ್ಲಿ ರೇಡಿಯೊ ಸಾಧನವಿಟ್ಟು ಅದರ ಓಡಾಟವನ್ನು ಹಿಂಬಾಲಿಸಿದ ಅಧ್ಯಯನಗಳು ನಡೆದವು. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗವು ಪ್ರತ್ಯೇಕ ಪ್ರಭೇದವೆಂದು ನಿರೂಪಿಸಿ ಅದಕ್ಕೆ ಒಫಿಯೊಫೇಗಸ್ ಕಾಳಿಂಗ ಎಂದು ಹೆಸರಿಟ್ಟರು. ನಮ್ಮವರು ತಲೆಮಾರುಗಳಿಂದ ಮನೆಯಂಗಳಕ್ಕೆ ಬಂದ ಕಾಳಿಂಗನಿಗೂ ಹೊಡೆಯದೆ, ಕೈಮುಗಿದು ದಾರಿ ಬಿಟ್ಟದ್ದರಿಂದಲೇ ಅದು ಇಂದಿಗೂ ತೋಟದ ಅಂಚಿನಲ್ಲಿ ಬದುಕಿದೆ ಎಂದು ನಾನು ಹೆಮ್ಮೆಯಿಂದ ಹೇಳುತ್ತೇನೆ. ಹಾವನ್ನು ಹುಡುಕಿಕೊಂಡು ನೀವು ಹೋಗಬೇಕಾಗಿಲ್ಲ. ಅದು ಬಾಳುವ ಕಾಡಿನಲ್ಲಿ, ಬಲ್ಲವರೊಬ್ಬರ ಜೊತೆ, ಒಂದು ಬೆಳಗ್ಗೆ ಮೆಲ್ಲನೆ ನಡೆದರೆ ಸಾಕು. ಮರದಿಂದ ಮರಕ್ಕೆ ತೇಲುವ ಹಾರುವ ಓತಿಯೂ ಸಿಂಗಳೀಕಗಳ ಹಿಂಡೂ ಕಾಣಬಹುದು. ಕತ್ತಲಾದ ಮೇಲೆ, ಮೊದಲ ಒಂದೆರಡು ಮಳೆ ಬಿದ್ದಿದ್ದರೆ, ಮರವಿಡೀ ಮಿಂಚುಹುಳುಗಳು ಒಟ್ಟಿಗೆ ಮಿನುಗುವುದನ್ನು ನೋಡಬಹುದು. ಅಲ್ಲಿಯೂ ಟಾರ್ಚ್ ಬೇಡ. ಮಳೆಗಾಲದಲ್ಲಿ ಕಾಲಿಗೆ ಹತ್ತುವ ಇಂಬಳದ ಕಾಟ ಈಗ ಬಹಳ ಕಡಿಮೆಯಿರುವುದರಿಂದ ನಿನ್ನ ಗೆಳತಿಗೆ ಹೆದರಿಕೆಯೂ ಬೇಡ. ಆಗುಂಬೆಯ ಸೂರ್ಯಾಸ್ತದ ಕಟ್ಟೆಯಿಂದ ಆಕಾಶ ಶುಭ್ರವಾಗಿದ್ದರೆ ದೂರದಲ್ಲಿ ಅರಬ್ಬೀ ಸಮುದ್ರವೇ ಕಾಣುತ್ತದೆ, ಬೆಳಗ್ಗೆ ಈಜಿದ ನೀರನ್ನು ಸಂಜೆ ಕಾಡಿನ ತಲೆಯ ಮೇಲಿಂದ ನೋಡುವ ಭಾಗ್ಯ ಎಷ್ಟು ಊರಿನವರಿಗಿದೆ, ಹೇಳು.

ಕುದುರೆಮುಖ ಮತ್ತು ಕುಮಾರಪರ್ವತದ ಚಾರಣಗಳನ್ನು ಈ ಬಾರಿ ಪಟ್ಟಿಯಿಂದ ತೆಗೆದುಬಿಡು. ಒಣಹುಲ್ಲಿಗೆ ಬೆಂಕಿ ತಗಲುವ ಅಪಾಯವಿರುವುದರಿಂದ ಬೇಸಿಗೆಯಲ್ಲಿ ಅರಣ್ಯ ಇಲಾಖೆ ಸಾಮಾನ್ಯವಾಗಿ ಆ ದಾರಿಗಳನ್ನು ಮುಚ್ಚುತ್ತದೆ, ಮುಚ್ಚುವುದೇ ಸರಿ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಕುದುರೆಮುಖ ಶ್ರೇಣಿಯ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣಗಳ ಪಟ್ಟಿಯಲ್ಲಿ ಸೇರಿತು. ಯಾರೋ ಎಸೆದ ಒಂದು ಬೀಡಿಯ ತುಂಡಿನಿಂದ ಅಲ್ಲಿನ ಹುಲ್ಲುಗಾವಲು ಸುಟ್ಟರೆ, ಮುಂದಿನ ಬೇಸಿಗೆಯಲ್ಲಿ ತುಂಬೆಯಲ್ಲಿ ನೀರು ನಿಲ್ಲಿಸುವವರು ಯಾರು? ಅದರ ಬದಲಿಗೆ ಒಂದು ದಿನ ಉಪ್ಪಿನಂಗಡಿಯ ಸಂಗಮಕ್ಕೆ ಹೋಗಿ, ಎರಡು ನದಿಗಳ ನಡುವಿನ ಮರಳಿನ ಮೇಲೆ ನಡೆದು ಬನ್ನಿ. ಮಳೆಗಾಲದಲ್ಲಿ ಆ ಜಾಗದ ಮೇಲೆ ಆಳುದ್ದದ ನೀರು ಹರಿಯುತ್ತದೆಂದು ಹೇಳಿದರೆ ನಿನ್ನ ಗೆಳತಿ ನಂಬಲಾರಳು.

ಸಾಧ್ಯವಾದರೆ ಮೇ ಕೊನೆಯವರೆಗೂ ಇರಿ. ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆ ಬರುವುದು ಮೇ 24ರ ಸುಮಾರಿಗೆ. ಅಂದಿಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಆದ್ದರಿಂದ ಅದಕ್ಕೂ ಮೊದಲು ಒಂದು ಆಟವನ್ನಾದರೂ ನಾವೆಲ್ಲ ಒಟ್ಟಿಗೆ ನೋಡೋಣ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೇ ಕೊನೆಯ ದಿನಗಳಲ್ಲಿ ಬೋಟುಗಳು ಒಂದೊಂದಾಗಿ ದಕ್ಕೆಗೆ ಮರಳಿ ಲಂಗರು ಹಾಕುತ್ತವೆ. ಆ ಹೊತ್ತಿಗೆ ಕಡಲಿನ ಬಣ್ಣ ಬದಲಾಗಿ ಅಲೆ ಎತ್ತರವಾಗುತ್ತದೆ. ಮೇ ನಡುವಿನ ಬಳಿಕ ನೀವಿಬ್ಬರೂ ನೀರಿಗಿಳಿಯಬಾರದು, ದಡದಿಂದ ನೋಡಿದರೆ ಸಾಕು. ಮಧ್ಯಾಹ್ನಗಳಿಗೆ ಕೆಲಸವಿಲ್ಲವೆಂದು ಚಿಂತಿಸಬೇಡಿ. ಹಲಸಿನ ಹಪ್ಪಳ ಒತ್ತಲು, ಪುನರ್ಪುಳಿಯ ಸಿಪ್ಪೆ ಬಿಡಿಸಿ ಒಣಹಾಕಲು ನನಗೆ ನಾಲ್ಕು ಕೈ ಹೆಚ್ಚು ಬೇಕಾಗಿದೆ.

ಬರುವ ದಿನ ಖಚಿತವಾದ ಕೂಡಲೇ ತಿಳಿಸು, ಆಗುಂಬೆಯಲ್ಲಿ ತಂಗಲು ಮೊದಲೇ ಮಾತನಾಡಿಡಬೇಕು. ಹಸಿರು ಅಥವಾ ಕಂದು ಬಣ್ಣದ, ಪೂರ್ಣ ತೋಳಿನ ಹತ್ತಿಯ ಬಟ್ಟೆಗಳನ್ನು ತನ್ನಿ, ನಡೆದು ಪಳಗಿದ ಬೂಟುಗಳಿರಲಿ, ನೀರಿನ ಬಾಟಲಿ ಪ್ಲಾಸ್ಟಿಕ್ಕಿನದ್ದು ಬೇಡ. ಅಪ್ಪನ ಹಳೆಯ ದುರ್ಬೀನನ್ನು ಒರೆಸಿ ಇಟ್ಟಿದ್ದೇನೆ. ಇನ್ನೊಂದನ್ನು ಅಲ್ಲಿ ಯಾರಿಂದಲಾದರೂ ಎರವಲು ಪಡೆದು ತಂದರೆ ನಿಮ್ಮಿಬ್ಬರಿಗೂ ಆಗುತ್ತದೆ.

ಪ್ರೀತಿಯಿಂದ,
ಅಮ್ಮ