ಅಪ್ಪ ಅಮ್ಮನ ಜೊತೆ ವಿಯೆನ್ನಾಗೆ ಬರುವ ಗೆಳೆಯನಿಗೊಂದು ಪತ್ರ

ಮಂಜು,

ನೀನು ಕಳಿಸಿದ ಪ್ಲಾನ್ ಓದಿಯೇ ನನಗೆ ಸುಸ್ತಾಯಿತು ಮಾರಾಯ. ಹತ್ತು ದಿನದಲ್ಲಿ ಪ್ಯಾರಿಸ್, ಸ್ವಿಟ್ಜರ್ಲೆಂಡ್, ವಿಯೆನ್ನಾ, ಪ್ರಾಗ್, ಬುಡಾಪೆಸ್ಟ್! ನೀನೊಬ್ಬನೇ ಬರುವುದಾಗಿದ್ದರೆ ಏನಾದರೂ ಮಾಡಿಕೋ ಅಂತ ಸುಮ್ಮನಿರುತ್ತಿದ್ದೆ. ಅಪ್ಪನಿಗೆ ಮಂಡಿನೋವು, ಅಮ್ಮ ಮೊಟ್ಟೆ ಕೂಡ ಮುಟ್ಟುವುದಿಲ್ಲ. ದಿನ ಬಿಟ್ಟು ದಿನ ಸೂಟ್‌ಕೇಸ್ ಎಳೆದುಕೊಂಡು ಓಡಾಡಿದರೆ ಊರಿಗೆ ಹೋದಮೇಲೆ ಅವರಿಗೆ ರೈಲ್ವೆ ಸ್ಟೇಷನ್ ಬಿಟ್ಟು ಬೇರೇನೂ ನೆನಪಿರುವುದಿಲ್ಲ. ಎರಡು ಊರು ಸಾಕು. ಅದರಲ್ಲಿ ವಿಯೆನ್ನಾಗೆ ನಾಲ್ಕು ರಾತ್ರಿಯಾದರೂ ಇಡು. ನಾನಿಲ್ಲಿದ್ದೇನೆ ಅನ್ನುವ ಸ್ವಾರ್ಥವೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ವಯಸ್ಸಾದವರು ಆರಾಮಾಗಿ ಕೂತು ನೋಡಬಹುದಾದ ಊರು ಇದು. ದಿನಕ್ಕೆ ಒಂದೇ ದೊಡ್ಡ ಜಾಗ, ಅದೂ ಬೆಳಗ್ಗೆ. ಮಧ್ಯಾಹ್ನದ ಮೇಲೆ ಟ್ರ್ಯಾಮು, ಪಾರ್ಕು, ಕಾಫಿ.

ವೀಸಾ ಮೊದಲು. ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಉಳಿಯುತ್ತೀರೋ ಆ ದೇಶಕ್ಕೇ ಷೆಂಗೆನ್, ಅಂದರೆ ಯೂರೋಪಿನ ಹಲವು ದೇಶಕ್ಕೆ ಒಂದೇ ಆಗುವ ವೀಸಾದ ಅರ್ಜಿ ಹಾಕಬೇಕು. ರಾತ್ರಿಗಳು ಸಮ ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ದೊಡ್ಡವರಿಗೆ ಫೀಸು 90 ಯೂರೊ, ಅದರ ಮೇಲೆ ವೀಸಾ ಸೆಂಟರಿನವರ ಸೇವಾ ಶುಲ್ಕ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಇರಲೇಬೇಕು. ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಕೊನೆ ಗಳಿಗೆವರೆಗೆ ಕಾಯಬೇಡ. ಇನ್ನೊಂದು, ವಿಮೆ ಅಗ್ಗಕ್ಕೆ ಸಿಕ್ಕಿತು ಅಂತ ತೆಗೆದುಕೊಳ್ಳಬೇಡ. ಬಿಪಿ, ಸಕ್ಕರೆ ಕಾಯಿಲೆಯನ್ನು ಮೊದಲಿಂದಲೂ ಇದ್ದದ್ದು ಅಂತ ಹೊರಗಿಟ್ಟಿದ್ದಾರಾ, ಸಣ್ಣ ಅಕ್ಷರ ಓದಿ ನೋಡು. ಅಪ್ಪನ ಮಾತ್ರೆ ಪೂರ್ತಿ ಪ್ರವಾಸಕ್ಕೆ ಆಗುವಷ್ಟು, ಮೇಲೆ ಒಂದು ವಾರದ್ದು ಜಾಸ್ತಿ ತರಲಿ, ಡಾಕ್ಟರ ಚೀಟಿ ಸಮೇತ. ಇಲ್ಲಿ ಪ್ಯಾರಸಿಟಮಾಲ್ ಬೇಕೆಂದರೂ ಅಪೊತೇಕೆ ಅನ್ನುವ ಮೆಡಿಕಲ್ ಶಾಪಿಗೇ ಹೋಗಬೇಕು, ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವುದಿಲ್ಲ. ಬಿಪಿ ಮಾತ್ರೆ ಚೀಟಿ ಇಲ್ಲದೆ ಕೊಡುವುದೇ ಇಲ್ಲ.

ಮೇ ಅಥವಾ ಸೆಪ್ಟೆಂಬರ್ ನೋಡು. ಜುಲೈ, ಆಗಸ್ಟಿನಲ್ಲಿ 35 ಡಿಗ್ರಿ ಮುಟ್ಟುವ ದಿನಗಳಿರುತ್ತವೆ, ಹಳೆ ಮನೆಗಳಲ್ಲಿ ಫ್ಯಾನೂ ಇರುವುದಿಲ್ಲ. ಡಿಸೆಂಬರಿನ ಕ್ರಿಸ್‌ಮಸ್ ಸಂತೆ ಚೆಂದ, ನಿಜ. ಆದರೆ ನಾಲ್ಕು ಗಂಟೆಗೆಲ್ಲ ಕತ್ತಲು. ಯಾವ ತಿಂಗಳಾದರೂ ಅಮ್ಮನಿಗೊಂದು ಗಾಳಿ ತಡೆಯುವ ಜಾಕೆಟ್ ಇರಲಿ. ಇಲ್ಲಿ ಚಳಿಗಿಂತ ಗಾಳಿಯೇ ಕಾಟ ಕೊಡುವುದು.

ಈಗ ಮನೆ ವಿಷಯ. ಹೋಟೆಲ್ ಬೇಡ, ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತಗೋ. ಆದರೆ ಜಾಹೀರಾತಿನಲ್ಲಿ ಎರಡನೇ ಮಹಡಿ ಅಂತ ಹಾಕಿದ್ದನ್ನು ನಂಬಬೇಡ. ಇಲ್ಲಿನ ನೂರು ವರ್ಷ ದಾಟಿದ ಕಟ್ಟಡಗಳಲ್ಲಿ ಮಹಡಿಯ ಲೆಕ್ಕವೇ ಬೇರೆ. ನೆಲಮಟ್ಟದ ಮೇಲೆ ಹೋಖ್‌ಪಾರ್ಟೆರ್ ಅಂತ ಒಂದು, ಅದರ ಮೇಲೆ ಮೆಜಾನಿನ್ ಅಂತ ಇನ್ನೊಂದು, ಇವೆರಡೂ ಮುಗಿದ ಮೇಲೆ ಒಂದನೇ ಮಹಡಿ! ಎಲ್ಲ ಕಟ್ಟಡದಲ್ಲೂ ಎರಡೂ ಇರುತ್ತವೆ ಅಂತಲ್ಲ, ಆದರೆ ಇದ್ದರೆ ಎರಡನೇ ಮಹಡಿ ಅಂದರೆ ನಾಲ್ಕು ಹತ್ತಿದ ಹಾಗೆ. ಮೆಟ್ಟಿಲೂ ಸುರುಳಿ ಸುರುಳಿ, ಕಲ್ಲಿನದು, ನಡುವೆ ಸವೆದಿರುತ್ತದೆ. ಲಿಫ್ಟನ್ನು ಆಮೇಲೆ ಸೇರಿಸಿದ್ದರಿಂದ ಕೆಲವು ಕಡೆ ಅದರ ಬಾಗಿಲು ಮುಟ್ಟಲು ಐದಾರು ಮೆಟ್ಟಿಲು ಹತ್ತಬೇಕು. ಹಾಗಾಗಿ ಮನೆಯವರಿಗೆ ನೇರವಾಗಿ ಕೇಳು, ರಸ್ತೆಯಿಂದ ಮನೆ ಬಾಗಿಲವರೆಗೆ ಒಟ್ಟು ಎಷ್ಟು ಮೆಟ್ಟಿಲು ಅಂತ. ಊರು 23 ಜಿಲ್ಲೆಗಳಾಗಿ ಹಂಚಿದೆ. ಮೂರನೆಯದು ಅಥವಾ ನಾಲ್ಕನೆಯದು ನಿಮಗೆ ಸರಿ ಹೋಗುತ್ತದೆ. ಒಂದನೆಯದು ಸುಮ್ನೆ ದುಬಾರಿ. ರಾತ್ರಿ ಹತ್ತರ ಮೇಲೆ ಸದ್ದು ಮಾಡಬಾರದು, ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ.

ಅಮ್ಮ ಡಬ್ಬ ಕಟ್ಟಲು ಶುರು ಮಾಡುವ ಮುಂಚೆ ಇದನ್ನು ಹೇಳಿಬಿಡು. ಹೊರಗಿನಿಂದ ಯೂರೋಪಿಯನ್ ಒಕ್ಕೂಟದೊಳಗೆ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಅಂದರೆ ತುಪ್ಪವೂ ಇಲ್ಲ, ಪನ್ನೀರೂ ಇಲ್ಲ. ಕರಿಬೇವಿನ ಸೊಪ್ಪು, ಮಾವಿನಹಣ್ಣೂ ಬೇಡ, ಸಸ್ಯ ಆರೋಗ್ಯದ ಪ್ರಮಾಣಪತ್ರ ಕೇಳುತ್ತಾರೆ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ, ಸಾರಿನ ಪುಡಿ ಎಷ್ಟಾದರೂ ತನ್ನಿ. ಗೊಜ್ಜು, ಉಪ್ಪಿನಕಾಯಿ ಚೆಕ್-ಇನ್ ಬ್ಯಾಗಿಗೇ ಹಾಕಿ. ಬೆಣ್ಣೆ ಇಲ್ಲಿ ತುಂಬಾ ಚೆನ್ನಾಗಿದೆ, ಕಾಯಿಸಿಕೊಂಡರೆ ತುಪ್ಪ ಆಗುತ್ತದೆ. ಮೊಸರಿಗೆ ನಾಟುರ್‌ಯೋಗರ್ಟ್ ಅಂತ ಬರೆದಿರುವುದನ್ನು ನೋಡಿ ತಗೋ, ಶೇ 3.6 ಕೊಬ್ಬಿನದು ಮೊಸರನ್ನಕ್ಕೆ ಸರಿಯಾಗುತ್ತದೆ. ಅಕ್ಕಿ, ಬೇಳೆ, ಕರಿಬೇವಿಗೆ ಏಳನೇ ಜಿಲ್ಲೆಯಲ್ಲಿ ಕೇರಳದವರ ಪ್ರೋಸಿ ಅಂಗಡಿ ಇದೆ.

ನಮ್ಮೂರಿನ ಮೂರು ಕಡ್ಡಿಯ ಪ್ಲಗ್ ಇಲ್ಲಿನ ಸಾಕೆಟ್ಟಿಗೆ ಹೋಗುವುದಿಲ್ಲ. ಮೊಬೈಲಿನ ಎರಡು ಕಡ್ಡಿಯ ಚಾರ್ಜರ್ ಹಾಗೇ ನಡೆಯುತ್ತದೆ.

ಏರ್‌ಪೋರ್ಟಿನಿಂದ ಊರಿಗೆ ಬರುವಾಗ ಹಸಿರು ಬಣ್ಣದ ಸಿಎಟಿ ರೈಲಿನ ಬೋರ್ಡೇ ಎಲ್ಲೆಲ್ಲೂ ಕಾಣುತ್ತದೆ. 16 ನಿಮಿಷದಲ್ಲಿ ಬಿಡುತ್ತದೆ, ಸರಿ. ಆದರೆ ಅದರ ಅರ್ಧಕ್ಕೂ ಕಮ್ಮಿ ದುಡ್ಡಿನಲ್ಲಿ ಸರ್ಕಾರಿ ರೈಲು ಸಿಗುತ್ತದೆ. ಅದರಲ್ಲೇ ವೇಗದ ರೈಲ್‌ಜೆಟ್ ಹತ್ತಿದರೆ ಕಾಲು ಗಂಟೆಯಲ್ಲಿ ಹೌಪ್ಟ್‌ಬಾನ್‌ಹೋಫ್, ಅಂದರೆ ಮುಖ್ಯ ಸ್ಟೇಷನ್. ಅಲ್ಲಿಂದ ಯು1 ಮೆಟ್ರೊ. ಹಳಿ ಕೆಲಸ ಯಾವಾಗಲೂ ಎಲ್ಲಾದರೂ ನಡೆಯುತ್ತಿರುತ್ತದೆ, ಆ ದಿನ ಯಾವ ರೈಲು ಇದೆ ಅಂತ ಸರ್ಕಾರಿ ರೈಲಿನವರ ಓಬಿಬಿ ಆ್ಯಪಿನಲ್ಲಿ ನೋಡಿಕೋ. ಏರ್‌ಪೋರ್ಟ್ ಊರಿನ ಟಿಕೆಟ್ ವಲಯದ ಹೊರಗಿದೆ. ಊರೊಳಗಿನ ಪಾಸ್ ಒಂದೇ ಇಟ್ಟುಕೊಂಡು ಅಲ್ಲಿಗೆ ಹೋಗುವಂತಿಲ್ಲ.

ಮೆಟ್ರೊ ಸ್ಟೇಷನ್ನಿನಲ್ಲಿ ಗೇಟೇ ಇಲ್ಲ. ಯಾರೂ ತಡೆಯುವುದಿಲ್ಲ, ಸೀದಾ ಒಳಗೆ ನಡೆಯಬಹುದು. ಇದನ್ನು ನೋಡಿ ನಮ್ಮ ಮೆಟ್ರೊದವರಿಗೆ ಆಶ್ಚರ್ಯ ಆಗುತ್ತದೆ, ಕೆಲವರಿಗೆ ಆಸೆಯೂ ಆಗುತ್ತದೆ. ಮಾಮೂಲಿ ಬಟ್ಟೆಯಲ್ಲಿ ಪಕ್ಕದಲ್ಲೇ ಕೂತಿದ್ದವನು ಎದ್ದು ಟಿಕೆಟ್ ಕೇಳುತ್ತಾನೆ. ಇಲ್ಲದಿದ್ದರೆ ದಂಡ ನೂರು ಯೂರೊಗೂ ಮೇಲೆ, ಪ್ರವಾಸಿ ಅಂತ ಬಿಡುವುದಿಲ್ಲ. ಕಾಗದದ ಟಿಕೆಟ್ ತಗೊಂಡರೆ ಒಳಗೆ ಹೋಗುವಾಗ ಪುಟ್ಟ ಪೆಟ್ಟಿಗೆಯಲ್ಲಿ ತೂರಿಸಿ ಮುದ್ರೆ ಹಾಕಿಸಬೇಕು. ಮುದ್ರೆ ಇಲ್ಲದಿದ್ದರೆ ಟಿಕೆಟ್ ಇದ್ದೂ ಇಲ್ಲದ ಹಾಗೆ. ನಿಮಗೆ ಕೆಲವು ದಿನದ ಪಾಸ್ ಒಳ್ಳೆಯದು, ಮೆಟ್ರೊ, ಟ್ರ್ಯಾಮು, ಬಸ್ಸು ಮೂರಕ್ಕೂ ಒಂದೇ. ದರ ಬದಲಾಗುತ್ತಿರುತ್ತದೆ, ಇಲ್ಲಿನ ಸಾರಿಗೆ ಸಂಸ್ಥೆ ವೀನರ್ ಲೀನಿಯೆನ್‌ನವರ ಆ್ಯಪಿನಲ್ಲೇ ನೋಡಿ ತಗೋ.

ಮೊದಲ ದಿನ ಎಲ್ಲಿಗೂ ಹೋಗಬೇಡಿ. ಸಂಜೆ ರಿಂಗ್ ರಸ್ತೆಯಲ್ಲಿ ಟ್ರ್ಯಾಮ್ ಹತ್ತಿ ಕಿಟಕಿ ಪಕ್ಕ ಕೂರಿ. ಹಳೇ ಕೋಟೆ ಗೋಡೆ ಒಡೆದ ಜಾಗದಲ್ಲಿ ಮಾಡಿದ ರಸ್ತೆ ಅದು, 1865ರಲ್ಲಿ ತೆರೆದದ್ದು. ಹಾಡುನಾಟಕದ ಆಪೆರಾ ಭವನ, ಮ್ಯೂಸಿಯಂ, ಪಾರ್ಲಿಮೆಂಟು, ಟೌನ್ ಹಾಲು ಎಲ್ಲ ಸಾಲಾಗಿ ಬರುತ್ತವೆ. 1, 2 ಮತ್ತು ಡಿ ನಂಬರಿನ ಟ್ರ್ಯಾಮುಗಳು ಅದರ ಮೇಲೆ ಓಡುತ್ತವೆ. ಪ್ರವಾಸಿಗಳ ಎರಡು ಅಂತಸ್ತಿನ ಬಸ್ಸಿಗೆ ದುಡ್ಡು ಸುರಿಯುವುದು ಯಾಕೆ, ಅಲ್ವಾ?

ಷೋನ್‌ಬ್ರುನ್ ಅರಮನೆಗೆ ಬೆಳಗ್ಗೆ ಬೇಗ ಹೋಗಿ. ಒಳಗಿನ ಟಿಕೆಟ್ ಸಮಯ ಗೊತ್ತು ಮಾಡಿ ಕೊಡುತ್ತಾರೆ, ಮೊದಲೇ ಆನ್‌ಲೈನ್ ಮಾಡಿಕೋ. ತೋಟಕ್ಕೆ ದುಡ್ಡಿಲ್ಲ. ಗುಡ್ಡದ ಮೇಲಿನ ಗ್ಲೋರಿಯೆಟ್ ಮಂಟಪಕ್ಕೆ ಅಪ್ಪನನ್ನು ಹತ್ತಿಸಬೇಡ, ಕೆಳಗಿನ ಬೆಂಚಿನಿಂದಲೂ ಚೆನ್ನಾಗೇ ಕಾಣುತ್ತದೆ. ಸ್ಟೆಫಾನ್ಸ್‌ಡೋಮ್ ಚರ್ಚಿನ ದಕ್ಷಿಣದ ಗೋಪುರಕ್ಕೆ 343 ಮೆಟ್ಟಿಲು. ಅದನ್ನು ನೀನು ಹತ್ತು. ಉತ್ತರದ ಗೋಪುರಕ್ಕೆ ಲಿಫ್ಟ್ ಇದೆ, ಪುಮ್ಮೆರಿನ್ ಅನ್ನುವ 20 ಟನ್ನಿಗೂ ಮೇಲಿನ ಗಂಟೆ ಇರುವುದೂ ಅಲ್ಲೇ. ಅವರಿಬ್ಬರನ್ನು ಅಲ್ಲಿಗೆ ಕಳಿಸು. ಚರ್ಚಿನ ಸುತ್ತ ಮೊಜಾರ್ಟ್ ಕಾಲದ ಕೆಂಪು ಕೋಟು, ಟೋಪನ್ ಹಾಕಿಕೊಂಡು ಕಾನ್ಸರ್ಟ್ ಟಿಕೆಟ್ ಮಾರುವ ಹುಡುಗರು ಮುತ್ತಿಕೊಳ್ಳುತ್ತಾರೆ. ಇಂಡಿಯಾ ಅಂತ ಗೊತ್ತಾದರೆ ನಮಸ್ತೆ ಅನ್ನುತ್ತಾರೆ. ನಕ್ಕು ಮುಂದೆ ಹೋಗು.

ಒಂದೇ ಮ್ಯೂಸಿಯಂ ನೋಡುವುದಾದರೆ ಕುನ್‌ಸ್ಟ್‌ಹಿಸ್ಟೋರಿಷಸ್. ಹಳೇ ಕಾಲದ ಚಿತ್ರಕಾರ ಬ್ರೂಗೆಲ್‌ನ ಚಿತ್ರಗಳು ಇಲ್ಲಿರುವಷ್ಟು ಇನ್ನೆಲ್ಲೂ ಇಲ್ಲ. ಬೈಬಲ್ ಕಥೆಯ ಬಾಬೆಲ್ ಗೋಪುರ ಕಟ್ಟುತ್ತಿರುವ 1563ರ ಚಿತ್ರದ ಮುಂದೆ ಅಪ್ಪನನ್ನು ನಿಲ್ಲಿಸು. ಅವರು ಪಿಡಬ್ಲ್ಯುಡಿಯಲ್ಲಿ ಇದ್ದವರಲ್ವಾ, ಅವರಿಗೆ ಹಿಡಿಸುತ್ತದೆ. ಕಲ್ಲು ಎತ್ತುವ ಕ್ರೇನು, ಸಾರುವೆ, ಅರ್ಧಕ್ಕೆ ನಿಂತ ಕಮಾನು, ಎಡಗಡೆ ಕೆಳಗೆ ಕಲ್ಲು ಕೆತ್ತುವವರು ಕೆಲಸ ನೋಡಲು ಬಂದ ರಾಜನಿಗೆ ಮಂಡಿಯೂರಿರುವುದು, ಎಲ್ಲ ಇದೆ. ಕೋಣೆಗಳ ನಡುವೆ ಸೋಫಾ ಹಾಕಿದ್ದಾರೆ. ಕೂತು ನೋಡಬಹುದು. ನಿನ್ನ ಮಗಳಿಗೆ ಟಿಕೆಟ್ ಬೇಡ, 19 ವರ್ಷದೊಳಗಿನವರಿಗೆ ಉಚಿತ.

ಆಪೆರಾ ನೋಡಬೇಕು ಅಂತ ಬರೆದಿದ್ದೀಯಲ್ಲ. ಜುಲೈ, ಆಗಸ್ಟಿನಲ್ಲಿ ಬಾಗಿಲು ಹಾಕಿರುತ್ತದೆ. ಉಳಿದ ತಿಂಗಳಲ್ಲಿ ನಿಂತು ನೋಡುವ ಟಿಕೆಟ್ ಸಿಗುತ್ತದೆ, ಕೂರುವ ಟಿಕೆಟಿನ ಮುಂದೆ ಬಹಳ ಅಗ್ಗ. ಜಾಗ ಹಿಡಿಯಲು ಮುಂದಿನ ಕಂಬಿಗೆ ಕರ್ಚೀಫೋ ಶಾಲೋ ಕಟ್ಟಿ ಹೊರಗೆ ಹೋಗಿ ಬರುವುದು ಇಲ್ಲಿನ ಹಳೇ ಪದ್ಧತಿ. ನಮ್ಮ ಬಸ್ ಸೀಟಿಗೆ ಟವೆಲ್ ಹಾಕುವ ಹಾಗೆಯೇ, ಆದರೆ ಇಲ್ಲಿ ಯಾರೂ ತೆಗೆದು ಬಿಸಾಡುವುದಿಲ್ಲ. ಅಪ್ಪ ಅಮ್ಮನಿಗೆ ಮೂರು ಗಂಟೆ ನಿಲ್ಲುವುದು ಆಗದು. ಮೇ, ಜೂನ್, ಸೆಪ್ಟೆಂಬರಿನಲ್ಲಾದರೆ ಕೆಲವು ಸಂಜೆ ಕಟ್ಟಡದ ಹೊರಗೇ ದೊಡ್ಡ ಪರದೆಯ ಮೇಲೆ ಅದೇ ಆಟವನ್ನು ನೇರವಾಗಿ ತೋರಿಸುತ್ತಾರೆ, ಪುಕ್ಕಟೆ, ಕುರ್ಚಿಯೂ ಹಾಕಿರುತ್ತಾರೆ. ಬೇಜಾರಾದರೆ ಎದ್ದು ಮನೆಗೆ ಬರಬಹುದು.

ಊಟಕ್ಕೆ ಹೊರಗೆ ಹೋದಾಗ ಸೂಪಿನ ವಿಷಯದಲ್ಲಿ ಹುಷಾರು. ನೋಡಲು ತರಕಾರಿ ಸೂಪು, ಬೇಯಿಸಿರುವುದು ದನದ ಮೂಳೆಯ ನೀರಿನಲ್ಲಿ ಇರಬಹುದು. ದೋಸೆಯಂಥದ್ದನ್ನು ಎಳೆ ಎಳೆ ಕತ್ತರಿಸಿ ಹಾಕುವ ಫ್ರಿಟಾಟೆನ್‌ಸುಪ್ಪೆಯಂತೂ ಅದೇ. ಚೀಸ್ ಹಾಕಿದ ಹಿಟ್ಟಿನ ತುಣುಕಿನ ಕೇಸೆಸ್ಪೆಟ್ಸ್‌ಲೆ, ಸಿಹಿ ಪ್ಯಾನ್‌ಕೇಕ್ ಚೂರಿನ ಕೈಸರ್‌ಷ್ಮಾರ್ನ್ ಮಾಂಸವಿಲ್ಲದವು, ನೀನು ತಿನ್ನಬಹುದು. ಆದರೆ ಮೊಟ್ಟೆ ಇರುತ್ತದೆ, ಅಮ್ಮನಿಗೆ ಆಗುವುದಿಲ್ಲ. ಅವರಿಗೆ ನಾಷ್‌ಮಾರ್ಕ್ಟ್ ಸಂತೆಯಲ್ಲಿ ಕಡಲೆ ವಡೆಯಂಥ ಫಲಾಫೆಲ್, ಇಲ್ಲವೇ ಇಂಡಿಯನ್ ಹೋಟೆಲ್. ಕೇಳುವಾಗ ಓನೆ ಫ್ಲೈಷ್, ಓನೆ ಐ ಅನ್ನು. ಮಾಂಸವಿಲ್ಲದೆ, ಮೊಟ್ಟೆಯಿಲ್ಲದೆ ಅಂತ.

ನೀರು ಮಾತ್ರ ದುಡ್ಡು ಕೊಟ್ಟು ತಗೋಬೇಡ. ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಬುಗ್ಗೆಯದು. 1873ರಲ್ಲಿ ಹಾಕಿದ ಮೊದಲ ನೀರಿನ ಕಾಲುವೆ ಸಾಲಿನಲ್ಲಿ ಪಂಪೇ ಇಲ್ಲದೆ, ಇಳಿಜಾರಿನಲ್ಲೇ ಹತ್ತಿರ ಹತ್ತಿರ ನೂರು ಕಿಲೋಮೀಟರ್ ಹರಿದು ಬರುತ್ತದೆ. ಅಮ್ಮ ಕಾಯಿಸಿ ಆರಿಸಲು ಹೊರಡುತ್ತಾರೆ, ಬೇಡ ಅಂತ ಹೇಳು. ಬೀದಿಯಲ್ಲೂ ನಲ್ಲಿಗಳಿವೆ, ಬಾಟಲಿ ತುಂಬಿಸಿಕೊಳ್ಳಿ. ಶೌಚಾಲಯಕ್ಕೆ ಹಲವು ಕಡೆ 50 ಸೆಂಟಿನ ನಾಣ್ಯ ಬೇಕು. ಜೇಬಿನಲ್ಲಿ ಚಿಲ್ಲರೆ ಇಲ್ಲದೆ ಹೊರಡಬೇಡಿ.

ಕಾಫಿಮನೆಗೆ ಹೋಗದೆ ಇದ್ದರೆ ವಿಯೆನ್ನಾಗೆ ಬಂದೂ ಪ್ರಯೋಜನವಿಲ್ಲ. ಸೆಂಟ್ರಲ್ ಅನ್ನುವ ಹೆಸರಾಂತ ಜಾಗದ ಮುಂದೆ ಕ್ಯೂ ನಿಲ್ಲುವ ಬದಲು 1880ರಿಂದ ಇರುವ ಸ್ಪೆರ್ಲ್‌ಗೆ ಹೋಗಿ. ಕಾಫಿಯನ್ನು ಸಣ್ಣ ಲೋಹದ ತಟ್ಟೆಯಲ್ಲಿ ತರುತ್ತಾರೆ. ಪಕ್ಕದಲ್ಲಿ ಒಂದು ಲೋಟ ನೀರು, ಲೋಟದ ಬಾಯಿಗೆ ಅಡ್ಡವಾಗಿ ಬೋರಲು ಹಾಕಿದ ಚಮಚ. ಅಮ್ಮನಿಗೆ ಮೆಲಾಂಜ್ ಹೇಳು, ನೊರೆ ಹಾಲು ಇರುತ್ತದೆ. ಸ್ಟ್ರಾಂಗ್ ಬೇಕು ಅನ್ನುವ ಅಪ್ಪನಿಗೆ ಗ್ರೋಸರ್ ಬ್ರೌನರ್. ಅದು ಡಿಕಾಕ್ಷನ್ನಿಗೆ ಹತ್ತಿರ, ಹಾಲು ಪುಟ್ಟ ಜಗ್ಗಿನಲ್ಲಿ ಬೇರೆ ಬರುತ್ತದೆ. ಒಂದೇ ಕಾಫಿ ಇಟ್ಟುಕೊಂಡು ಎರಡು ಗಂಟೆ ಕೂರಬಹುದು, ಯಾರೂ ಏಳಿ ಅನ್ನುವುದಿಲ್ಲ. ಬಿಲ್ ಅವರಾಗಿಯೇ ತರುವುದಿಲ್ಲ, ಕೇಳಬೇಕು. ಮಾಣಿಗಳು ಮುಖ ಗಂಟು ಹಾಕಿಕೊಂಡಿರುತ್ತಾರೆ. ಅದು ನಿಮ್ಮ ಮೇಲಿನ ಸಿಟ್ಟಲ್ಲ, ಇಲ್ಲಿನ ಶೈಲಿ. ಟಿಪ್ಸನ್ನು ಮೇಜಿನ ಮೇಲೆ ಬಿಟ್ಟು ಬರುವುದಿಲ್ಲ. 18 ಯೂರೊ ಆಗಿದ್ದರೆ ಕೊಡುವಾಗಲೇ 20 ಅಂದುಬಿಡು.

ಭಾನುವಾರ ಅಂಗಡಿ ಬಂದ್. ಸೂಪರ್ ಮಾರ್ಕೆಟ್ಟೂ ಬಂದ್. ಶನಿವಾರ ಸಂಜೆ ಆರಕ್ಕೇ ಬಾಗಿಲು ಹಾಕುತ್ತಾರೆ. ಹಾಲು, ಮೊಸರು ಅಷ್ಟರೊಳಗೆ ತಂದಿಟ್ಟುಕೋ. ಮರೆತರೆ ಹೌಪ್ಟ್‌ಬಾನ್‌ಹೋಫ್ ಒಳಗಿನ ಅಂಗಡಿ ತೆಗೆದಿರುತ್ತದೆ, ಆದರೆ ಅಲ್ಲಿ ಭಾನುವಾರ ಅರ್ಧ ಊರೇ ಇರುತ್ತದೆ.

ಕೆರೆ ದಡದ ಹಳ್ಳಿ ಹಾಲ್‌ಸ್ಟಾಟ್ ಬಿಟ್ಟುಬಿಡು. ರೀಲ್ಸಿನಲ್ಲಿ ಎಷ್ಟೇ ಚೆನ್ನಾಗಿ ಕಂಡರೂ ಹೋಗಲು ಮೂರು ಗಂಟೆಗೂ ಜಾಸ್ತಿ, ಬರಲು ಅಷ್ಟೇ. ಅದರ ಬದಲು ಮೆಲ್ಕ್ ಅನ್ನುವ ಊರಿಗೆ ಹೋಗಿ. ರೈಲಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿ ಹಳದಿ ಬಣ್ಣದ ದೊಡ್ಡ ಮಠ ನೋಡಿಕೊಂಡು ಡಾನ್ಯೂಬ್ ನದಿಯಲ್ಲಿ ದೋಣಿ ಹತ್ತಿ ಕ್ರೆಮ್ಸ್ ಊರಿನವರೆಗೆ ಬನ್ನಿ. ಎರಡೂ ದಡದಲ್ಲಿ ದ್ರಾಕ್ಷಿ ತೋಟ, ಮುರಿದ ಕೋಟೆ. ಅಪ್ಪ ಕೂತ ಜಾಗ ಬಿಟ್ಟು ಏಳಬೇಕಿಲ್ಲ. ದೋಣಿ ಚಳಿಗಾಲದಲ್ಲಿ ಇರುವುದಿಲ್ಲ, ಮೇ, ಸೆಪ್ಟೆಂಬರಿಗೆ ತೊಂದರೆಯಿಲ್ಲ.

ದುಡ್ಡು ತೆಗೆಯುವಾಗ ಬ್ಯಾಂಕಿನ ಎಟಿಎಂಗೇ ಹೋಗು. ರೂಪಾಯಿಗೆ ಬದಲಿಸಿ ತೋರಿಸಲಾ ಅಂತ ಯಂತ್ರ ಕೇಳಿದರೆ ಬೇಡ ಅನ್ನು, ಅದರಲ್ಲಿ ನಿನಗೆ ನಷ್ಟವೇ. ನಡೆಯುವಾಗ ಸೈಕಲ್ ದಾರಿಗೆ ಕಾಲಿಡಬೇಡಿ, ಬೆಲ್ ಮಾಡುತ್ತಾರೆ, ನಿಲ್ಲಿಸುವುದಿಲ್ಲ. ಎಸ್ಕಲೇಟರಿನಲ್ಲಿ ಬಲಗಡೆ ನಿಲ್ಲಿ.

ಮನೆ ಬುಕ್ ಮಾಡುವ ಮುಂಚೆ ವಿಳಾಸ ಕಳಿಸು, ಆಫೀಸಿನಿಂದ ಬರುವಾಗ ನಾನೇ ಹೋಗಿ ಮೆಟ್ಟಿಲು ನೋಡಿ ಬರುತ್ತೇನೆ. ಸೆಪ್ಟೆಂಬರ್ ಕೊನೆ ವಾರ ನಾನು ಊರಲ್ಲಿರುವುದಿಲ್ಲ, ಅದನ್ನು ಬಿಟ್ಟು ಟಿಕೆಟ್ ಮಾಡು.

ನಿನ್ನ,
ಸುರೇಶ